ಗಗನಯಾತ್ರಿಗಳ ಬ್ಲಡ್ ರಿಪೋರ್ಟ್ ಓದೋದು ಹೆಂಗೆ? ಡೇಟಾ ಡೌನ್‌ಲೋಡ್ ಮಾಡ್ಕೊಂಡು ತಲೆ ಕೆರ್ಕೊಳ್ತಿರೋವ್ರಿಗೆ

2025ರಲ್ಲಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಮಿಷನ್‌ನಲ್ಲಿ ಸ್ಪೇಸ್ ಸ್ಟೇಷನ್‌ಗೆ ಹೋಗಿ ಬಂದ್ಮೇಲೆ ಬಯೋಟೆಕ್, ಲ್ಯಾಬ್ ಟೆಕ್ನಾಲಜಿ ಓದೋ ಹುಡುಗ್ರು ಹುಡುಗೀರು ಸುಮಾರು ಜನ ಸ್ಪೇಸ್ ಮೆಡಿಸಿನ್ ಕಡೆ ತಿರುಗಿದಾರೆ, ಒಳ್ಳೇದೇ. ನಾಸಾದ ಓಪನ್ ಡೇಟಾ ರೆಪಾಸಿಟರೀಲಿ ಬೇಕಾದಷ್ಟು ಫೈಲ್ ಬಿಟ್ಟಿಯಾಗಿ ಸಿಗುತ್ತೆ, ಪ್ರಾಜೆಕ್ಟ್‌ಗೆ ಅಂತ ಇಳಿಸ್ಕೊಳ್ತಾರೆ, ಎಕ್ಸೆಲ್‌ನಲ್ಲಿ ತೆಗೀತಾರೆ, ಆಮೇಲೆ ನಮ್ಮೂರ ಲ್ಯಾಬ್ ರಿಪೋರ್ಟ್ ಓದಿದಂಗೆ ಓದೋಕೆ ಶುರು ಮಾಡ್ತಾರೆ, ಅಲ್ಲೇ ಎಡವಟ್ಟಾಗೋದು. ಹಂಗಾಗಿ ಯಾವ ಕ್ರಮದಲ್ಲಿ ಓದ್ಬೇಕು ಅಂತ ಬರೀತಿದೀನಿ.

ಶುರು ಮಾಡೋಕೆ ಇನ್ಸ್ಪಿರೇಷನ್4 ಡೇಟಾ ತಗೊಳ್ಳಿ. 2021ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಸಾಮಾನ್ಯ ನಾಗರಿಕರು ಸ್ಪೇಸ್‌ಎಕ್ಸ್ ಡ್ರಾಗನ್‌ನಲ್ಲಿ 3 ದಿನ ಇದ್ದು ಬಂದ್ರಲ್ಲ, ಅದು. ನಾಸಾದ ವೃತ್ತಿಪರ ಗಗನಯಾತ್ರಿಗಳ ಒಬ್ಬೊಬ್ಬರ ಮೆಡಿಕಲ್ ಡೇಟಾ ಹಂಗೆಲ್ಲ ಕೈಗೆ ಸಿಗಲ್ಲ, ಅರ್ಜಿ ಹಾಕ್ಬೇಕು, ಆದ್ರೆ ಇವ್ರದ್ದು ಸಿ001ರಿಂದ ಸಿ004 ಅಂತ ಕೋಡ್ ಹಾಕಿ ತೆರೆದಿಟ್ಟಿದಾರೆ. ಇನ್ನೊಂದು ಕಾರಣಾನೂ ಇದೆ, ನಮ್ಮ ಗಗನಯಾನದ ಪ್ಲಾನ್ ಕೂಡ 3 ದಿನದ್ದೇ, ಆರು ತಿಂಗಳ ಐಎಸ್‌ಎಸ್ (ಅಂತರರಾಷ್ಟ್ರೀಯ ಸ್ಪೇಸ್ ಸ್ಟೇಷನ್) ಡೇಟಾಗಿಂತ ಇದು ನಮಗೆ ಹತ್ತಿರ.

ಮೊದಲ ಕೆಲಸ: ರೆಫರೆನ್ಸ್ ರೇಂಜ್ ಕಾಲಂನ ಹೈಡ್ ಮಾಡಿ

ತಮಾಷೆ ಅಲ್ಲ, ನಿಜವಾಗ್ಲೂ ಹೈಡ್ ಮಾಡಿ. ರಿಪೋರ್ಟ್‌ನ ಬಲಗಡೆ ಇರೋ ನಾರ್ಮಲ್ ರೇಂಜ್ ತುಂಬ ಜನರ ಲೆಕ್ಕದಲ್ಲಿ ಮಾಡಿರೋದು, ಅದು ತುಂಬ ಅಗಲ, ಅದ್ರೊಳಗೆ ಒಬ್ಬ ಮನುಷ್ಯ ಎಷ್ಟು ಜಾರಿದ್ರೂ ಕೆಂಪು ಗುರುತು ಬೀಳಲ್ಲ. ಇನ್ಸ್ಪಿರೇಷನ್4ರಲ್ಲಿ ಇದ್ದಿದ್ದು ಇಬ್ರು ಗಂಡಸ್ರು ಇಬ್ರು ಹೆಂಗಸ್ರು, ವಯಸ್ಸು 29ರಿಂದ 51, ಒಬ್ರು ಚಿಕ್ಕವಯಸ್ಸಲ್ಲಿ ಮೂಳೆ ಕ್ಯಾನ್ಸರ್ ಗೆದ್ದು ಬಂದವ್ರು, ಇವ್ರನ್ನೆಲ್ಲ ಒಂದೇ ರೇಂಜಲ್ಲಿ ಅಳೆಯೋಕಾಗುತ್ತಾ? ಹೋಲಿಸ್ಬೇಕಾದ್ದು ಅವ್ರನ್ನ ಅವ್ರ ಜೊತೇಲೇ. ಅದಕ್ಕೇ ಹಾರೋಕೆ 92 ದಿನ, 44 ದಿನ, 3 ದಿನ ಇದ್ದಾಗ ಅಂತ ಮೂರು ಸಲ ರಕ್ತ ತಗೊಂಡಿದಾರೆ, ಫೈಲಲ್ಲಿ ಎಲ್ ಮೈನಸ್ 92, ಎಲ್ ಮೈನಸ್ 44, ಎಲ್ ಮೈನಸ್ 3 ಅಂತ ಇರುತ್ತೆ, ಎಲ್ ಅಂದ್ರೆ ಲಾಂಚ್. ಈ ಮೂರರ ನಡುವೆನೇ ನಂಬರ್ ಎಷ್ಟು ಓಲಾಡ್ತಿದೆ ಅಂತ ಮೊದ್ಲು ನೋಡಿ, ಹಾರಿ ಬಂದ್ಮೇಲಿನ ಬದಲಾವಣೆ ಆ ಓಲಾಟಕ್ಕಿಂತ ದೊಡ್ಡದಿದ್ರೆ ಮಾತ್ರ ಸುದ್ದಿ.

ಆಮೇಲೆ: ಟ್ಯೂಬ್ ಯಾವಾಗ, ಎಲ್ಲಿ, ಹೆಂಗೆ ತುಂಬಿದ್ದು ಕೇಳಿ

ಸ್ಪೇಸ್ ಡೇಟಾ ಅಂತ ಹೆಸರಿದ್ದ ಮಾತ್ರಕ್ಕೆ ರಕ್ತ ಸ್ಪೇಸಲ್ಲೇ ತೆಗೆದಿದ್ದು ಅಂತ ಅಂದ್ಕೋಬೇಡಿ. ಇನ್ಸ್ಪಿರೇಷನ್4ರಲ್ಲಿ ಮೇಲಿದ್ದಾಗ ಬೆರಳಿಗೆ ಚುಚ್ಚಿ ಕಾರ್ಡ್ ಮೇಲೆ ಒಣಗಿಸಿದ ರಕ್ತದ ಹನಿ ಅಷ್ಟೇ, ತೋಳಿನ ರಕ್ತನಾಳದಿಂದ ಟ್ಯೂಬ್ ತುಂಬಿದ್ದೆಲ್ಲ ನೆಲದ ಮೇಲೆ, ಇಳಿದ ಮಾರನೇ ದಿನ, ಆಮೇಲೆ 45, 82, 194ನೇ ದಿನ. ಅಂದ್ರೆ ಸಿಬಿಸಿ (ರಕ್ತಕಣಗಳ ಎಣಿಕೆ) ಫೈಲಲ್ಲಿ ನೀವು ನೋಡ್ತಿರೋ ಆರ್ ಪ್ಲಸ್ 1 (ಇಳಿದ ಮಾರನೇ ದಿನದ) ಕಾಲಂ ಬರೀ ಸ್ಪೇಸ್‌ನ ಕಥೆ ಅಲ್ಲ, ಅದ್ರಲ್ಲಿ ವಾತಾವರಣದೊಳಗೆ ನುಗ್ಗಿ ಬಂದಿದ್ದು, ಸಮುದ್ರಕ್ಕೆ ಬಿದ್ದಿದ್ದು, ನಿದ್ದೆಗೆಟ್ಟಿದ್ದು, ಮತ್ತೆ ಗುರುತ್ವಾಕರ್ಷಣೆಗೆ ಮೈ ಒಗ್ಗಿಸ್ಕೊಳ್ತಿರೋದು ಎಲ್ಲಾ ಸೇರಿದೆ. ಐಎಲ್-6, ಸಿಆರ್‌ಪಿ ಅನ್ನೋ ಉರಿಯೂತ ತೋರಿಸೋ ಪ್ರೋಟೀನ್‌ಗಳೆಲ್ಲ ಲ್ಯಾಂಡಿಂಗ್ ಟೈಮಲ್ಲಿ ಮೇಲೆ ಹೋಗೋದು ನೋಡಿದ ತಕ್ಷಣ ಇನ್ಫೆಕ್ಷನ್, ಇನ್‌ಫ್ಲಮೇಷನ್ ಅಂತ ಬರೆದುಬಿಡ್ತಾರೆ, ಐಎಲ್-6ನ ದುಡಿದ ಮಾಂಸಖಂಡಾನೂ ಬಿಡುಗಡೆ ಮಾಡುತ್ತೆ ಅನ್ನೋದು ಮರ್ತೇಹೋಗುತ್ತೆ.

ಐಎಸ್‌ಎಸ್‌ನಲ್ಲಾದ್ರೆ ಕಥೆ ಬೇರೆ. ಅಲ್ಲಿ ಗಗನಯಾತ್ರಿಗಳೇ ಒಬ್ರಿಗೊಬ್ರು, ಎಷ್ಟೋ ಸಲ ತಮಗೆ ತಾವೇ, ಬೆಳಿಗ್ಗೆ ಎದ್ದ ಕೂಡ್ಲೇ ಖಾಲಿ ಹೊಟ್ಟೇಲಿ ರಕ್ತ ತೆಗೀತಾರೆ, ನಿರ್ವಾತದ ಟ್ಯೂಬ್ ಆದ್ರಿಂದ ಗುರುತ್ವಾಕರ್ಷಣೆ ಇಲ್ದಿದ್ರೂ ರಕ್ತ ಎಳ್ಕೊಳ್ಳುತ್ತೆ, ಆಮೇಲೆ ಸೆಂಟ್ರಿಫ್ಯೂಜ್‌ಗೆ ಹಾಕಿ ಮೆಲ್ಫಿ ಅನ್ನೋ ಮೈನಸ್ 80 ಡಿಗ್ರಿಗೂ ಕೆಳಗಿನ ಫ್ರೀಜರ್‌ನಲ್ಲಿ ಇಡ್ತಾರೆ. 15, 30, 60, 120, 180ನೇ ದಿನ ಅಂತ ಶೆಡ್ಯೂಲ್ ಇರುತ್ತೆ. ಖಾಲಿ ಹೊಟ್ಟೆ ಯಾಕೆ ಅಂದ್ರೆ ಮೂಳೆ ಕರಗೋದನ್ನ ತೋರಿಸೋ ಸಿಟಿಎಕ್ಸ್ ಥರದ ಮಾರ್ಕರ್ ಬೆಳಗಿನ ಜಾವ ಜಾಸ್ತಿ ಇರುತ್ತೆ, ತಿಂಡಿ ತಿಂದ ಮೇಲೆ ಇಳಿಯುತ್ತೆ, ಒಬ್ರದ್ದು ತಿಂಡಿಗೆ ಮುಂಚೆ ಇನ್ನೊಬ್ರದ್ದು ತಿಂಡಿ ಆದ್ಮೇಲೆ ತೆಗೆದ್ರೆ ಆ ಎರಡು ನಂಬರ್ ಪಕ್ಕಪಕ್ಕ ಇಟ್ಟು ಪ್ರಯೋಜನ ಇಲ್ಲ. ಪೊಟ್ಯಾಸಿಯಂ ಏಕ್‌ದಂ ಮೇಲಿದ್ರೆ ಕಿಡ್ನಿ ಅಂತ ಗಾಬರಿ ಬೀಳೋಕೆ ಮುಂಚೆ ಟ್ಯೂಬಲ್ಲೇ ಕೆಂಪುಕಣ ಒಡೆದಿದೆಯಾ ಅಂತ ನೋಡಿ, ಇದು ನಮ್ಮ ತಾಲೂಕು ಆಸ್ಪತ್ರೆ ಸ್ಯಾಂಪಲ್‌ಗೂ ಅಷ್ಟೇ ಸತ್ಯ.

ಹಿಮೋಗ್ಲೋಬಿನ್: ಎಲ್ರೂ ಬೀಳೋ ಗುಂಡಿ

ಇದಕ್ಕೆ ಸ್ವಲ್ಪ ಟೈಮ್ ಕೊಡಿ. ತೂಕರಹಿತ ಸ್ಥಿತೀಲಿ ರಕ್ತ, ನೀರು ಎಲ್ಲಾ ಕಾಲಿಂದ ತಲೆ ಕಡೆಗೆ ಹೋಗುತ್ತೆ, ದೇಹಕ್ಕೆ ನೀರು ಜಾಸ್ತಿ ಆಯ್ತು ಅನ್ಸಿ ಕಡಿಮೆ ಮಾಡ್ಕೊಳ್ಳುತ್ತೆ, ಮೊದಲ ಕೆಲವೇ ದಿನದಲ್ಲಿ ಪ್ಲಾಸ್ಮಾ (ರಕ್ತದ ನೀರಿನ ಭಾಗ) ಶೇಕಡ 10ರಿಂದ 15ರಷ್ಟು ಇಳಿಯುತ್ತೆ. ಸಾರು ಬತ್ತಿದ್ರೆ ಉಪ್ಪು ಹಾಕ್ದೇನೇ ಉಪ್ಪಾಗುತ್ತಲ್ಲ, ಹಂಗೆ ರಕ್ತದಲ್ಲಿರೋ ಕಣ, ಪ್ರೋಟೀನ್ ಥರದವುಗಳ ಸಾಂದ್ರತೆ ಏರುತ್ತೆ.

ಲೆಕ್ಕ ಹಾಕಿ ನೋಡೋಣ, ನಂಬರ್ ಬರೀ ಉದಾಹರಣೆಗೆ. ಪ್ಲಾಸ್ಮಾ 3000 ಎಂಎಲ್, ಕಣಗಳು 2000 ಎಂಎಲ್, ಒಟ್ಟು 5000, ಹಿಮೋಗ್ಲೋಬಿನ್ ಒಟ್ಟು 700 ಗ್ರಾಂ, ಅಂದ್ರೆ ಡೆಸಿಲೀಟರ್‌ಗೆ 14. ಮೇಲೆ ಹೋದ್ಮೇಲೆ ಪ್ಲಾಸ್ಮಾ ಶೇಕಡ 10 ಇಳಿದು 2700 ಆಯ್ತು, ಕೆಂಪುಕಣಾನೂ ಶೇಕಡ 10 ನಾಶ ಆಗಿ 1800 ಆಯ್ತು, ಹಿಮೋಗ್ಲೋಬಿನ್ 630 ಗ್ರಾಂ, ಒಟ್ಟು ರಕ್ತ 4500. 630ನ 45 ಡೆಸಿಲೀಟರ್‌ಗೆ ಹಂಚಿ, ಎಷ್ಟು? ಮತ್ತೆ 14! 70 ಗ್ರಾಂ ಹಿಮೋಗ್ಲೋಬಿನ್ ಮಾಯ ಆಗಿದೆ, ರಿಪೋರ್ಟ್ ಮಾತ್ರ ಏನೂ ಆಗಿಲ್ಲ ಅಂತಿದೆ. ಭೂಮಿಗೆ ಇಳಿದು ನೀರು ಕುಡಿದು ಪ್ಲಾಸ್ಮಾ ವಾಪಸ್ 3000 ಆದಾಗ 630 ಗ್ರಾಂ 4800 ಎಂಎಲ್‌ನಲ್ಲಿ ಹರಡುತ್ತೆ, 13.1 ಬರುತ್ತೆ, ಆವಾಗ ರಕ್ತಹೀನತೆ ಕಣ್ಣಿಗೆ ಬೀಳುತ್ತೆ.

ಕೆನಡಾದ ಒಟ್ಟಾವಾದಲ್ಲಿ ಗೈ ಟ್ರೂಡೆಲ್ ತಂಡ 14 ಗಗನಯಾತ್ರಿಗಳ ಮೇಲೆ ಮಾಡಿ 2022ರಲ್ಲಿ ಪಬ್ಲಿಷ್ ಮಾಡಿದ ಸ್ಟಡಿ ಈ ವಿಷಯದಲ್ಲಿ ಓದ್ಲೇಬೇಕಾದ್ದು. ನೆಲದ ಮೇಲೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ನಾಶ ಆದ್ರೆ ಸ್ಪೇಸಲ್ಲಿ 30 ಲಕ್ಷ, ಶೇಕಡ 54 ಜಾಸ್ತಿ, ಅದೂ ಮೊದಲ ವಾರದಲ್ಲಿ ಮಾತ್ರ ಅಲ್ಲ, ಆರು ತಿಂಗಳು ಪೂರ್ತಿ. ಇಳಿದಾಗ ರಕ್ತ ಕೊಟ್ಟ 13 ಜನರಲ್ಲಿ 5 ಜನಕ್ಕೆ ಅನೀಮಿಯ. ಒಂದು ವರ್ಷ ಆದ್ಮೇಲೂ ನಾಶದ ವೇಗ ಮುಂಚೆಗಿಂತ ಶೇಕಡ 30 ಮೇಲೇ ಇತ್ತು. ಅವ್ರು ಹಿಮೋಗ್ಲೋಬಿನ್ ಸಾಂದ್ರತೆ ನಂಬ್ಕೊಂಡು ಕೂರ್ಲಿಲ್ಲ, ಹಿಮೋಗ್ಲೋಬಿನ್ ಒಳಗೆ ಕಬ್ಬಿಣ ಹಿಡಿದಿರೋ ಹೀಮ್ ಒಂದು ಒಡೆದ್ರೆ ಒಂದು ಕಾರ್ಬನ್ ಮೊನಾಕ್ಸೈಡ್ ಅಣು ಹೊರಗೆ ಬರುತ್ತೆ, ಉಸಿರಲ್ಲಿ ಅದನ್ನ ಅಳೆದ್ರು, ಜೊತೆಗೆ ರಕ್ತದಲ್ಲಿ ಕಬ್ಬಿಣ ಏರಿದೆಯಾ ನೋಡಿದ್ರು. ಚೆಂದದ ಐಡಿಯಾ, ನಂಗಂತೂ ತುಂಬ ಇಷ್ಟ. ನೀವು ಮಾಡ್ಬೇಕಾದ್ದು ಇಷ್ಟೇ, ಸಾಂದ್ರತೆ ಕೊಟ್ಟಿರೋ ಯಾವ ಮಾರ್ಕರ್ ಆದ್ರೂ ಪ್ಲಾಸ್ಮಾ ಕಡಿಮೆಯಾಗಿದ್ದನ್ನ ಲೆಕ್ಕಕ್ಕೆ ತಗೊಂಡಿದಾರಾ ಅಂತ ಪೇಪರ್‌ನ ಮೆಥಡ್ಸ್ ಭಾಗದಲ್ಲಿ ಹುಡುಕಿ.

ಉಳಿದ ಮಾರ್ಕರ್‌ಗಳು, ಬೇಗ ಬೇಗ

ಮೂಳೆಗೆ ಯಾವತ್ತೂ ಜೋಡಿ ನೋಡಿ, ಕರಗೋದಕ್ಕೆ ಸಿಟಿಎಕ್ಸ್, ಕಟ್ಟೋದಕ್ಕೆ ಪಿ1ಎನ್‌ಪಿ. ಮೇಲೆ ಹೋದ ಕೆಲವೇ ವಾರದಲ್ಲಿ ಮೊದಲನೇದು ಏರುತ್ತೆ, ಭಾರದ ವ್ಯಾಯಾಮ ಚೆನ್ನಾಗಿ ಮಾಡಿದೋರಲ್ಲಿ ಎರಡನೇದೂ ಏರುತ್ತೆ, ಒಂದನ್ನೇ ನೋಡಿ ತೀರ್ಪು ಕೊಟ್ರೆ ಅರ್ಧ ಕಥೆ. ವಿಟಮಿನ್ ಡಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಒಳಗೆ ಬಿಸಿಲು ಬೀಳಲ್ಲ, ದಿನಕ್ಕೆ 800 ಐಯು ಮಾತ್ರೆ ಕೊಡ್ತಾರೆ.

ಹೋಮೋಸಿಸ್ಟೀನ್ ಅನ್ನೋ ಅಮೈನೋ ಆಸಿಡ್ ಸ್ವಲ್ಪ ಇಂಟ್ರೆಸ್ಟಿಂಗ್. ಐಎಸ್‌ಎಸ್‌ನಿಂದ ಬಂದ ಕೆಲವ್ರಿಗೆ ಕಣ್ಣಿನ ದೃಷ್ಟಿ ಬದಲಾಗುತ್ತೆ, ನಾಸಾದ ಸಾರಾ ಜ್ವಾರ್ಟ್, ಸ್ಕಾಟ್ ಸ್ಮಿತ್ ತಂಡ 2012ರಲ್ಲಿ ತೋರಿಸಿದ್ದು ಏನಂದ್ರೆ ಹಂಗೆ ಆದವ್ರಲ್ಲಿ ಹೋಮೋಸಿಸ್ಟೀನ್ ಮತ್ತೆ ಅದ್ರ ಬಳಗದ ವಸ್ತುಗಳು ಉಳಿದವ್ರಿಗಿಂತ ಶೇಕಡ 25ರಿಂದ 45 ಜಾಸ್ತಿ, ಅದೂ ಹಾರೋಕೆ ಮುಂಚಿನಿಂದಾನೇ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕಡಿಮೆ ಇದ್ರೆ ಹೋಮೋಸಿಸ್ಟೀನ್ ಏರೋದು ಮಾಮೂಲಿ, ಹಂಗಾಗಿ ಭಾರತೀಯರ ಡೇಟಾ ಬಂದಾಗ ಬಿ12 ಕಾಲಂ ಪಕ್ಕದಲ್ಲಿ ಇಟ್ಕೊಂಡೇ ಇದನ್ನ ಓದ್ಬೇಕು.

ರೇಡಿಯೇಷನ್ ಎಷ್ಟು ತಗುಲಿದೆ ಅಂತ ನೋಡೋಕೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣದ ಕ್ರೋಮೋಸೋಮ್‌ಗೆ ಬಣ್ಣ ಹಚ್ಚಿ ತುಂಡಾಗಿ ತಪ್ಪಾಗಿ ಅಂಟ್ಕೊಂಡಿರೋದನ್ನ ಎಣಿಸ್ತಾರೆ. ಇಲ್ಲೂ ಅದೇ ನಿಯಮ, ಹಾರೋಕೆ ಮುಂಚೆ ಅದೇ ವ್ಯಕ್ತಿಯ ರಕ್ತಕ್ಕೆ ಲ್ಯಾಬಲ್ಲಿ ಗೊತ್ತಿರೋ ಡೋಸ್ ಕೊಟ್ಟು ಅವ್ರದ್ದೇ ಗ್ರಾಫ್ ಮಾಡಿಟ್ಕೊಂಡಿರ್ತಾರೆ.

ಟೆಲೋಮಿಯರ್ (ಕ್ರೋಮೋಸೋಮ್ ತುದಿಯ ಟೋಪಿ, ವಯಸ್ಸಾದಂಗೆ ಗಿಡ್ಡ ಆಗುತ್ತೆ) ನೋಡಿ ಯಾಮಾರ್ಬೇಡಿ. ನಾಸಾದ ಸ್ಕಾಟ್ ಕೆಲ್ಲಿ 340 ದಿನ ಮೇಲಿದ್ದಾಗ ಉದ್ದ ಆಯ್ತು ಅಂತ 2019ರಲ್ಲಿ ಅವ್ರನ್ನ ಅವಳಿ ಸೋದರನ ಜೊತೆ ಹೋಲಿಸಿದ ಟ್ವಿನ್ಸ್ ಸ್ಟಡಿ ಬಂದ್ಮೇಲೆ ಸ್ಪೇಸಿಗೆ ಹೋದ್ರೆ ವಯಸ್ಸು ಕಮ್ಮಿ ಆಗುತ್ತೆ ಅಂತ ವಾಟ್ಸಾಪ್ ತುಂಬಾ ಓಡಾಡ್ತು, ಇಳಿದ ಕೂಡ್ಲೇ ಸರ್‍ರಂತ ಗಿಡ್ಡ ಆಗಿದ್ದು, ಮುಂಚೆಗಿಂತ ಗಿಡ್ಡ ಟೆಲೋಮಿಯರ್‌ಗಳು ಜಾಸ್ತಿ ಆಗಿದ್ದು ಯಾರೂ ಫಾರ್ವರ್ಡ್ ಮಾಡ್ಲಿಲ್ಲ. ನಾವು ಅಳೀತಿರೋದು ಬಿಳಿ ರಕ್ತಕಣದ್ದು, ಯಾವ ಜಾತಿ ಬಿಳಿಕಣ ಎಷ್ಟಿದೆ ಅನ್ನೋದು ಬದಲಾದ್ರೂ ಸರಾಸರಿ ಬದಲಾಗುತ್ತೆ.

ಮೆದುಳಿನ ಮಾರ್ಕರ್‌ಗಳಾದ ಎನ್‌ಎಫ್‌ಎಲ್, ಜಿಎಫ್‌ಎಪಿ ಮೇಲೆ 2021ರ ಪೇಪರ್‌ನಲ್ಲಿ 5 ಜನ ರಷ್ಯನ್ ಗಗನಯಾತ್ರಿಗಳ ಡೇಟಾ ಇದೆ, ವಾಪಸ್ ಬಂದ್ಮೇಲೆ ಏರಿದೆ. ಆದ್ರೆ ಮೇಲಿದ್ದಾಗ ತೆಗೆದ ಸ್ಯಾಂಪಲ್ ಅದ್ರಲ್ಲಿ ಇಲ್ಲ, ಸ್ಪೇಸಿಂದಾನಾ ಲ್ಯಾಂಡಿಂಗಿಂದಾನಾ ಅಂತ ಅದೊಂದ್ರಿಂದ ಬೇರೆ ಮಾಡೋಕಾಗಲ್ಲ.

ಗ್ರಾಫ್ ಹಾಕೋವಾಗ

ನಾಲ್ಕೇ ಜನ ಇರೋವಾಗ ಸರಾಸರಿ ತೆಗೆದು ಬಾರ್ ಚಾರ್ಟ್ ಹಾಕ್ಬೇಡಿ ದಯವಿಟ್ಟು. ಒಬ್ಬೊಬ್ಬರಿಗೆ ಒಂದೊಂದು ಗೆರೆ, ಎಲ್ ಮೈನಸ್ 92ರಿಂದ ಆರ್ ಪ್ಲಸ್ 194ರ ತನಕ, ವೈ ಆಕ್ಸಿಸ್‌ನಲ್ಲಿ ಅವ್ರದ್ದೇ ಮೂರು ಬೇಸ್‌ಲೈನ್‌ನ (ಹಾರೋಕೆ ಮುಂಚಿನ ಅಳತೆಯ) ಸರಾಸರಿಯಿಂದ ಶೇಕಡ ಎಷ್ಟು ವ್ಯತ್ಯಾಸ ಅಂತ. ಹಿಮೋಗ್ಲೋಬಿನ್, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು), ಆಲ್ಬುಮಿನ್ (ಪ್ಲಾಸ್ಮಾದಲ್ಲಿರೋ ಪ್ರೋಟೀನ್) ಈ ಮೂರನ್ನ ಒಂದ್ರ ಕೆಳಗೆ ಒಂದು ಇಡಿ. ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದ್ರೆ ಅದು ಹೆಚ್ಚುಕಮ್ಮಿ ನೀರಿನ ಆಟ, ಆಲ್ಬುಮಿನ್ ಇದ್ದಲ್ಲೇ ಇದ್ದು ಹಿಮೋಗ್ಲೋಬಿನ್ ಒಂದೇ ಇಳಿದ್ರೆ ಆವಾಗ ಕೆಂಪುಕಣದ ಕಡೆ ಕಣ್ಣು ಹಾಯಿಸಿ, ರೆಟಿಕ್ಯುಲೊಸೈಟ್ (ಎಳೆ ಕೆಂಪುಕಣ), ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸೋದು) ಕೊಟ್ಟಿದ್ರೆ ಅದನ್ನೂ ಎಳ್ಕೊಳ್ಳಿ. 45ನೇ ದಿನಕ್ಕೆ ಬೇಸ್‌ಲೈನ್‌ಗೆ ವಾಪಸ್ ಬಂದಿದ್ಯಾ ಅನ್ನೋದನ್ನ ಸಪರೇಟ್ ಆಗಿ ಗುರುತು ಮಾಡಿ, ಪಿ ವ್ಯಾಲ್ಯೂ ಆಮೇಲೆ ನೋಡ್ಕೊಳ್ಳೋಣ.