ಸಮಾನ ಅವಕಾಶ ಕೋಶ: ಬೋರ್ಡು ಹಾಕಿದ ಮೇಲಿನ ಕೆಲಸ

ಜಾತಿ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ಯಾವ ವಿದ್ಯಾರ್ಥಿಯೂ ಹಿಂದೆ ಬೀಳದಂತೆ ನೋಡಿಕೊಳ್ಳಲು ಕಾಲೇಜಿನಲ್ಲಿರುವ ಘಟಕಕ್ಕೆ ಸಮಾನ ಅವಕಾಶ ಕೋಶ ಎಂದು ಬೋರ್ಡು ಬರೆಸಲು ಅರ್ಧ ದಿನ ಸಾಕು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಅದಕ್ಕೆ ಹೊಸ ಬಣ್ಣವೂ ಬೀಳುತ್ತದೆ. ಕಷ್ಟ ಇರುವುದು ಮಾರನೆಯ ದಿನದಿಂದ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಪದವಿ ಕಾಲೇಜಿನಲ್ಲೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕ್ಯಾಂಪಸ್ಸಿನಲ್ಲೋ ‘ಸಂಚಾಲಕರು’ ಎಂಬ ಹೆಚ್ಚುವರಿ ಹೊಣೆ ಹೊತ್ತು ಕೂತವರಿಗಾಗಿ ಈ ಬರಹ. ಡಿಸೆಂಬರ್ 3ಕ್ಕೆ ವಿಕಲಚೇತನರ ದಿನ, ಮಾರ್ಚ್ 8ಕ್ಕೆ ಮಹಿಳಾ ದಿನ, ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ. ಮೂರು ಭಾಷಣ, ಮೂರು ಫೋಟೊ, ಒಂದು ವರದಿ ಎಂದು ವರ್ಷ ಕಳೆಯಬಹುದು. ಅದರಿಂದ ಯಾವ ಹುಡುಗಿಯ ಹಾಜರಾತಿಯೂ ಉಳಿಯುವುದಿಲ್ಲ. ಕೋಶದ ಕೆಲಸ ಇರುವುದು ಅರ್ಜಿ ನಮೂನೆಯಲ್ಲಿ, ಟೈಮ್‌ಟೇಬಲ್ಲಿನಲ್ಲಿ, ಬಸ್ಸಿನ ಹೊತ್ತಿನಲ್ಲಿ, ಮೆಟ್ಟಿಲಿನ ಪಕ್ಕದಲ್ಲಿ.

ಮೂರು ಸಮಿತಿ, ಮೂರು ಫೈಲು

ಮೊದಲ ಗೊಂದಲ ಇಲ್ಲೇ. ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಆಯಿತೆಂಬ ದೂರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2012ರ ನಿಯಮಾವಳಿ ಪ್ರಕಾರ ತಾರತಮ್ಯ ವಿರೋಧಿ ಅಧಿಕಾರಿಗೆ ಹೋಗಬೇಕು. ಆ ಅಧಿಕಾರಿ ವಿಶ್ವವಿದ್ಯಾಲಯದಲ್ಲಾದರೆ ಪ್ರೊಫೆಸರ್, ಕಾಲೇಜಿನಲ್ಲಾದರೆ ಸಹ ಪ್ರಾಧ್ಯಾಪಕ ದರ್ಜೆಗಿಂತ ಕೆಳಗಿರಬಾರದು. ತೀರ್ಮಾನಕ್ಕೆ ಇರುವುದು 60 ದಿನ. ಲೈಂಗಿಕ ಕಿರುಕುಳದ ದೂರು ಹೋಗಬೇಕಾದ್ದು ಆಂತರಿಕ ದೂರು ಸಮಿತಿಗೆ. ಅದಕ್ಕೆ 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಾವಳಿ ಆಧಾರ. ರ‍್ಯಾಗಿಂಗ್‌ಗೆ 2009ರ ನಿಯಮಾವಳಿ ಬೇರೆಯೇ ಇದೆ. ಮೂರಕ್ಕೂ ಅದೇ ಐದು ಜನರ ಹೆಸರು ಬರೆದು ಒಂದೇ ಫೈಲಿಗೆ ದಾರ ಕಟ್ಟುವುದು ಬಹಳ ಕಡೆ ನಡೆಯುವ ತಪ್ಪು. ದೂರು ಬಂದ ದಿನ ಯಾವ ಗಡುವು ಲೆಕ್ಕಕ್ಕೆ ಬರುತ್ತದೆ ಎಂಬುದೇ ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಆಂತರಿಕ ದೂರು ಸಮಿತಿ ರಚಿಸುವಾಗ ಎಡವುವ ಜಾಗ ಇನ್ನೊಂದು. ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು, ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರರು, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಸೇರುತ್ತಾರೆ. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಇದರಲ್ಲಿ ಕೂರುವಂತಿಲ್ಲ. ‘ಸರ್ ಒಬ್ಬರು ಇರಲಿ, ತೂಕ ಬರುತ್ತದೆ’ ಎಂದು ಮುಖ್ಯಸ್ಥರ ಹೆಸರು ಸೇರಿಸಿದರೆ ಇಡೀ ವಿಚಾರಣೆಯನ್ನೇ ಪ್ರಶ್ನಿಸಲು ದಾರಿಯಾಗುತ್ತದೆ. ಘಟನೆಯಾದ 3 ತಿಂಗಳೊಳಗೆ ದೂರು, ಕಾರಣ ಇದ್ದರೆ ಇನ್ನೂ 3 ತಿಂಗಳು. ವಿಚಾರಣೆಗೆ 90 ದಿನ. ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಯ ಬಾಗಿಲ ಒಳಬದಿಗೆ ಅಂಟಿಸಿ. ಹೊರಬದಿಗೆ ಅಂಟಿಸಿದರೆ ನಿಂತು ಓದುವವರು ಯಾರೆಂದು ಎಲ್ಲರೂ ನೋಡುತ್ತಾರೆ.

ರಾಜಿ ಪಂಚಾಯ್ತಿ ಮಾತ್ರ ಬೇಡ. ಲೈಂಗಿಕ ಕಿರುಕುಳದ ದೂರಿನಲ್ಲಿ ದೂರುದಾರರೇ ಕೇಳಿದರಷ್ಟೇ ಸಂಧಾನ, ಅದೂ ಹಣದ ಲೆಕ್ಕದಲ್ಲಿ ಅಲ್ಲ. ಜಾತಿ ನಿಂದನೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಬರುವಂಥದ್ದಾದರೆ ವಿದ್ಯಾರ್ಥಿ ಠಾಣೆಗೆ ಹೋಗಬಹುದು ಎಂಬುದನ್ನು ಕೋಶವೇ ಬಾಯಿಬಿಟ್ಟು ಹೇಳಬೇಕು. ಕಾಲೇಜಿನ ಮರ್ಯಾದೆಯ ಮಾತನ್ನು ಆ ಹೊತ್ತಿನಲ್ಲಿ ತರಬೇಡಿ.

ಬಿಟ್ಟುಹೋದವರ ಪಟ್ಟಿ

ಪ್ರವೇಶದ ಅಂಕಿಅಂಶ ಎಲ್ಲ ಕಾಲೇಜಿನಲ್ಲೂ ಸೊಗಸಾಗಿಯೇ ಇರುತ್ತದೆ. ಕೋಶಕ್ಕೆ ಬೇಕಾದ್ದು ಮೊದಲ ಸೆಮಿಸ್ಟರ್ ಪರೀಕ್ಷೆ ಶುಲ್ಕ ಕಟ್ಟದವರ ಪಟ್ಟಿ. ಶುಲ್ಕದ ಕೊನೆಯ ದಿನ ಮುಗಿದ ವಾರವೇ ಕಚೇರಿಯಿಂದ ಅದನ್ನು ತರಿಸಿ, ಎದುರಿಗೆ ಆರು ಕಲಂ ಎಳೆಯಿರಿ: ತಾಲ್ಲೂಕು, ಪಿಯುಸಿ ಓದಿದ ಮಾಧ್ಯಮ, ಲಿಂಗ, ಮೀಸಲಾತಿ ವರ್ಗ, ಹಾಸ್ಟೆಲ್ಲೋ ಮನೆಯೋ, ವಿದ್ಯಾರ್ಥಿವೇತನ ಬಂತೋ ಇಲ್ಲವೋ. ಲಿಂಗದ ಕಲಂನಲ್ಲಿ ಗಂಡು, ಹೆಣ್ಣು ಎರಡೇ ಇದ್ದರೆ ನಮೂನೆಯನ್ನೇ ತಿದ್ದಿ. ಒಂದು ವರ್ಷದ ಪಟ್ಟಿಯಿಂದ ಏನೂ ಹೇಳಲಾಗದು, ಎರಡು ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟಾಗ ಯಾವ ಕಲಂ ಮಾತಾಡುತ್ತಿದೆ ಎಂಬುದು ಕಾಣುತ್ತದೆ.

ಈ ಪಟ್ಟಿಯನ್ನು ವರದಿಗೆ ಹಾಕುವಾಗ ಎಚ್ಚರ. ತರಗತಿಯಲ್ಲಿ ಹಸಲರ ಅಥವಾ ಹಕ್ಕಿಪಿಕ್ಕಿ ಸಮುದಾಯದ ಒಬ್ಬನೇ ಹುಡುಗ ಇದ್ದಾನೆ ಅನ್ನಿ. ‘ಪರಿಶಿಷ್ಟ ಪಂಗಡ 1, ಅನುತ್ತೀರ್ಣ 1’ ಎಂದು ಅಚ್ಚಾದರೆ ಹೆಸರು ಬರೆದಂತೆಯೇ ಆಯಿತು. ಐದಕ್ಕಿಂತ ಕಡಿಮೆ ಇರುವ ಸಂಖ್ಯೆಗಳನ್ನು ಬೇರೆ ಸಾಲಿನೊಂದಿಗೆ ಕೂಡಿಸಿಯೇ ಬರೆಯಿರಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ಹಳೆಯ ಚಾಳಿ: ಪಾಠ ನಡೆಯುವಾಗ ಕಚೇರಿಯವರು ಬಾಗಿಲಲ್ಲಿ ನಿಂತು ‘ಎಸ್‌ಸಿ ಎಸ್‌ಟಿಯವರು ಎದ್ದು ಬನ್ನಿ, ಸ್ಕಾಲರ್‌ಶಿಪ್’ ಎನ್ನುವುದು. ಅರವತ್ತು ಜನರ ಎದುರು ಎದ್ದು ನಿಲ್ಲುವುದಕ್ಕಿಂತ ಹಣವೇ ಬೇಡ ಎಂದುಕೊಳ್ಳುವವರಿದ್ದಾರೆ. ಸೂಚನಾ ಫಲಕದಲ್ಲಿ ಹೆಸರು, ಜಾತಿ ಬೇಡ. ಅರ್ಜಿ ಸಂಖ್ಯೆ ಮತ್ತು ಕೊನೆಯ ದಿನಾಂಕ ಸಾಕು. ಎಲ್ಲ ವಿದ್ಯಾರ್ಥಿಗಳಿಗೂ ‘ವಿದ್ಯಾರ್ಥಿವೇತನ ವಾರ’ ಎಂದು ಒಂದೇ ಕರೆ ಕೊಟ್ಟು, ಒಳಗೆ ಮೇಜು ಬೇರೆ ಮಾಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ನಿಲ್ಲುವುದು ಸಾಮಾನ್ಯವಾಗಿ ಮೂರು ಕಡೆ: ಆಧಾರ್‌ನಲ್ಲಿ ಒಂದು ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇರುವುದು, ನಾಡಕಚೇರಿ ಕೊಡುವ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಇವು ಮೂರನ್ನೂ ಅರ್ಜಿ ಹಾಕುವ ಮೊದಲೇ ನೋಡಿದರೆ ನಾಡಕಚೇರಿಗೆ ಅಲೆದಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಹಾಸ್ಟೆಲ್ ಸಿಗದವರ ಊಟ–ವಸತಿಗೆಂದು ಸರ್ಕಾರ ಕೊಡುವ ವಿದ್ಯಾಸಿರಿಯ ಹಣ ಎಂದರೆ ಬಾಡಿಗೆ ಕೋಣೆಯಲ್ಲಿರುವವರಿಗೆ ಊಟದ ದುಡ್ಡು.

ಓದಲು ಬಾರದ ನೋಟ್ಸ್

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಖರ್ಚಿಲ್ಲದೆ ಸರಿಯಾಗುವ ಕೆಲಸ ಇದು, ಆದರೂ ಉಳಿದುಬಿಡುತ್ತದೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶ ಇದೆ, ಅದು ಕನ್ನಡವನ್ನು ಓದಿ ಹೇಳುತ್ತದೆ. ದನಿ ಯಂತ್ರದ್ದೇ, ಕೇಳುತ್ತ ಕೇಳುತ್ತ ಒಗ್ಗುತ್ತದೆ. ಆದರೆ ಮೇಷ್ಟ್ರು ಕಳಿಸಿದ ನೋಟ್ಸ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲ ಕೇಳುತ್ತದೆ. ಕಾರಣ, ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿದೆ. ಆ ಫಾಂಟಿನಲ್ಲಿ ಕಣ್ಣಿಗೆ ‘ಕ’ ಕಂಡರೂ ಒಳಗೆ ಕೂತಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆ. ಯಂತ್ರ ಒಳಗಿರುವುದನ್ನು ಓದುತ್ತದೆ.

ಪರೀಕ್ಷಿಸಲು ಹತ್ತು ಸೆಕೆಂಡು ಸಾಕು. ಫೈಲಿನ ಒಂದು ಸಾಲು ಆಯ್ದು ಫಾಂಟನ್ನು ತುಂಗಾಕ್ಕೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯಂತ್ರ ಓದಬಲ್ಲ ಯೂನಿಕೋಡ್. ಚಿತ್ರವಿಚಿತ್ರ ರೋಮನ್ ಅಕ್ಷರ ಬಂದರೆ ಆಸ್ಕಿ. ಆಸ್ಕಿಯಾದರೆ ಪರಿವರ್ತಕಕ್ಕೆ ಹಾಕಿ, ಬಂದ ಪಠ್ಯದಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ. ‘ಸೂರ್ಯ’, ‘ಕಾರ್ಯ’ದಂಥ ಪದಗಳು ಕೆಡುವುದು ಅಲ್ಲೇ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಚಿತ್ರ, ಅಕ್ಷರ ಅಲ್ಲ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬೇರ್ಪಟ್ಟು ಬರುತ್ತದೆ. ಪುಟ ನೇರವಾಗಿದ್ದು ನೆರಳು ಬೀಳದಿದ್ದರೆ ತಿದ್ದುವುದು ಕಡಿಮೆ. ಸೆಮಿಸ್ಟರ್ ಶುರುವಾಗುವ ಮೊದಲು ‘ಇನ್ನು ಮುಂದೆ ಎಲ್ಲ ನೋಟ್ಸ್ ಯೂನಿಕೋಡ್‌ನಲ್ಲಿ’ ಎಂದು ಪ್ರಾಂಶುಪಾಲರಿಂದ ಒಂದು ಸುತ್ತೋಲೆ ಹೊರಡಿಸಿದರೆ ಮುಂದಿನ ವರ್ಷ ಪರಿವರ್ತನೆಯ ಕೆಲಸವೇ ಇರುವುದಿಲ್ಲ.

ಪರೀಕ್ಷೆಗೆ ಬರಹಗಾರರು (ಉತ್ತರ ಹೇಳಿದಂತೆ ಬರೆದುಕೊಡುವವರು) ಬೇಕಾದವರ ಅರ್ಜಿಯನ್ನು ಪರೀಕ್ಷೆಗೆ ಒಂದು ತಿಂಗಳು ಮೊದಲೇ ತೆಗೆದುಕೊಳ್ಳಿ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಶೇ 40ಕ್ಕಿಂತ ಕಡಿಮೆ ಅಂಗವೈಕಲ್ಯ ಇದ್ದರೆ ಬರಹಗಾರರನ್ನು ಕೊಡುವಂತೆಯೇ ಇಲ್ಲ ಎಂದು ಕಚೇರಿಯಲ್ಲಿ ಹೇಳುವುದುಂಟು. ಅದು ತಪ್ಪು, ಬರೆಯಲು ನಿಜಕ್ಕೂ ತೊಂದರೆ ಇದೆಯೇ ಎಂಬುದನ್ನು ನೋಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋಣೆ ನೆಲಮಹಡಿಯಲ್ಲಿರಲಿ, ಬೇರೆಯದೇ ಇರಲಿ, ಏಕೆಂದರೆ ಉತ್ತರವನ್ನು ಜೋರಾಗಿ ಹೇಳಿ ಬರೆಸಬೇಕು. ಬರಹಗಾರರನ್ನು ಪರೀಕ್ಷೆಗೆ ಎರಡು ದಿನ ಮೊದಲೇ ಭೇಟಿ ಮಾಡಿಸಿ.

ಇನ್ನು ಲೆಕ್ಕ ತಪ್ಪುವ ಜಾಗ: ಮಧ್ಯಾಹ್ನ ಎರಡಕ್ಕೆ ಶುರುವಾದ ಪರೀಕ್ಷೆ ಹೆಚ್ಚುವರಿ ಸಮಯ ಸೇರಿ ಆರಕ್ಕೆ ಮುಗಿಯುತ್ತದೆ. ಹೊಸನಗರದ ಒಳಹಳ್ಳಿಗೆ ಹೋಗುವ ಕೊನೆಯ ಬಸ್ಸು ಅಷ್ಟೊತ್ತಿಗೆ ಹೊರಟಿರುತ್ತದೆ. ಹೀಗಾಗಿ ಹುಡುಗ ತನ್ನ ಹೆಚ್ಚುವರಿ ಸಮಯವನ್ನು ತಾನೇ ಬಿಟ್ಟು ಎದ್ದುಬರುತ್ತಾನೆ, ದಾಖಲೆಯಲ್ಲಿ ‘ಸೌಲಭ್ಯ ನೀಡಲಾಗಿದೆ’ ಎಂದು ಉಳಿಯುತ್ತದೆ. ಆ ವಾರಕ್ಕೆ ಹಾಸ್ಟೆಲ್ಲಿನಲ್ಲಿ ಒಂದು ಹಾಸಿಗೆ ಕೇಳಿಡಿ.

ಮಳೆ, ಬಸ್ಸು, ಮೆಟ್ಟುಗತ್ತಿ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಕೊಡಲೇಬೇಕು. ‘ಬಸ್ಸು ಫ್ರೀ ಅಲ್ವಾ’ ಎಂದು ಲೆಕ್ಕ ಹಾಕಿ ಮುಂಜಾನೆ ಎಂಟಕ್ಕೆ ವಿಶೇಷ ತರಗತಿ ಇಡುವ ಮೊದಲು ಯಾರ ಊರಿಗೆ ಯಾವ ಬಸ್ಸು, ಮೊದಲನೆಯದು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ ಎಂದು ಒಂದು ಹಾಳೆ ಮಾಡಿಸಿ. ಟೈಮ್‌ಟೇಬಲ್ ಸಮಿತಿಯ ಮೇಜಿನ ಮೇಲೆ ಆ ಹಾಳೆ ಇರಲಿ.

ಜುಲೈ, ಆಗಸ್ಟಿನಲ್ಲಿ ತೀರ್ಥಹಳ್ಳಿ, ಹೊಸನಗರ ತಾಲ್ಲೂಕಿಗೆ ಮಳೆ ರಜೆ ಘೋಷಣೆಯಾದ ದಿನ ಶಿವಮೊಗ್ಗದ ಕಾಲೇಜು ನಡೆಯುತ್ತಿರಬಹುದು. ಆ ಕಡೆಯಿಂದ ಓಡಾಡುವವರಿಗೆ ಅಂದು ಗೈರುಹಾಜರಿ ಬೀಳುತ್ತದೆ. ತಾಲ್ಲೂಕಿನ ರಜೆ ಆದೇಶದ ಪ್ರತಿಯನ್ನು ಕೋಶವೇ ತೆಗೆದಿಟ್ಟು, ಹಾಜರಾತಿ ಲೆಕ್ಕ ಹಾಕುವಾಗ ಆ ದಿನಗಳನ್ನು ಬಿಡಲು ಕೇಳಬೇಕು. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ ಸೂಚನೆ ನೆಟ್‌ವರ್ಕ್ ಇಲ್ಲದ ಊರಿಗೆ ಮೂರು ದಿನದ ಮೇಲೆ ತಲುಪಿದರೂ ತಲುಪಿತು. ಗಡುವಿರುವ ಸೂಚನೆಗೆ ಫಲಕವೂ ಬೇಕು, ತರಗತಿಯಲ್ಲಿ ಓದಿ ಹೇಳುವುದೂ ಬೇಕು.

ದೀಪಾವಳಿ ಹೊತ್ತಿಗೆ ಅಡಿಕೆ ಕೊಯ್ಲು. ಕೂಲಿ ಮನೆಯ ಮಕ್ಕಳು, ಅದರಲ್ಲೂ ಹುಡುಗಿಯರು, ಅಮ್ಮನ ಜೊತೆ ಮೆಟ್ಟುಗತ್ತಿ ಮುಂದೆ ಕೂತು ತಡರಾತ್ರಿಯವರೆಗೆ ಅಡಿಕೆ ಸುಲಿದು, ಬೆಳಿಗ್ಗೆ ಕಪ್ಪಾದ ಬೆರಳಲ್ಲಿ ತರಗತಿಗೆ ಬರುತ್ತಾರೆ, ಇಲ್ಲವೇ ಬರುವುದಿಲ್ಲ. ಶೇ 75 ಹಾಜರಾತಿ ತಪ್ಪುವುದು ಹೆಚ್ಚಾಗಿ ಈ ವಾರಗಳಲ್ಲಿ. ಆಂತರಿಕ ಪರೀಕ್ಷೆಯನ್ನು ಆ ನಡುವೆ ಇಡಬೇಡಿ. ಹಾಜರಾತಿ ಶೇ 80ಕ್ಕೆ ಇಳಿದಾಗಲೇ ಕರೆದು ಮಾತಾಡಿಸಲು ಒಬ್ಬ ಅಧ್ಯಾಪಕರಿಗೆ 15–20 ವಿದ್ಯಾರ್ಥಿಗಳನ್ನು ಹಂಚಿ. 74 ಆದ ಮೇಲೆ ಕೋಶ ಮಾಡುವುದಕ್ಕೇನೂ ಇರುವುದಿಲ್ಲ.

ಇಳಿಜಾರು

ಮಳೆನೀರು ಒಳಗೆ ಬರಬಾರದೆಂದು ನಮ್ಮ ಕಡೆ ಕಟ್ಟಡದ ಅಡಿಪಾಯವನ್ನು ಎತ್ತರಿಸಿಯೇ ಕಟ್ಟುತ್ತಾರೆ. 15 ಸೆಂಟಿಮೀಟರಿನ ನಾಲ್ಕು ಮೆಟ್ಟಿಲು ಎಂದರೆ 60 ಸೆಂ.ಮೀ. ಇಳಿಜಾರಿನ ಅಳತೆ 1:12, ಅಂದರೆ ಅಷ್ಟಕ್ಕೆ 7.2 ಮೀಟರ್ ಉದ್ದದ ರ‍್ಯಾಂಪ್ ಬೇಕು. ಜಾಗ ಇಲ್ಲವೆಂದು ಗುತ್ತಿಗೆದಾರರು ಅದನ್ನು 3 ಮೀಟರಿಗೆ ಮುಗಿಸಿದರೆ ಗಾಲಿಕುರ್ಚಿ ಹತ್ತುವಾಗ ಹಿಂದಕ್ಕೆ ವಾಲುತ್ತದೆ. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ ಕಟ್ಟಬಹುದು. ಅಗಲ ಕನಿಷ್ಠ 1.2 ಮೀಟರ್, ಎರಡೂ ಕಡೆ ಕೈ ಹಿಡಿಯುವ ಕಂಬಿ, ಮೇಲೆ ಕೆಳಗೆ ಕುರ್ಚಿ ತಿರುಗುವಷ್ಟು, ಅಂದರೆ 1.5 ಮೀಟರ್ ಸಮತಟ್ಟು.

ಬಯಲುಸೀಮೆಯಲ್ಲಿ ಇಷ್ಟಕ್ಕೆ ಮುಗಿಯಿತು. ಇಲ್ಲಿ ಜೂನ್ ಕಳೆಯುವುದರೊಳಗೆ ಅದರ ಮೇಲೆ ಪಾಚಿ. ನುಣುಪು ಗ್ರಾನೈಟ್, ಟೈಲ್ಸ್ ಬೇಡವೇ ಬೇಡ; ಒರಟು ಮೈಯ ಕಲ್ಲು, ಅಥವಾ ಹಸಿ ಸಿಮೆಂಟಿನ ಮೇಲೆ ಪೊರಕೆ ಅಡ್ಡಕ್ಕೆ ಎಳೆದು ಗೀರು ಮೂಡಿಸಿದ ನೆಲ. ಮೇಲೆ ಶೀಟು ಹೊದಿಸಿ. ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುವುದನ್ನು ಯಾರ ಕೆಲಸವೆಂದು ಹೆಸರು ಬರೆದು ಗೊತ್ತು ಮಾಡಿ. ಬಿಲ್ಲು ಪಾಸು ಮಾಡುವ ಮುಂಚೆ ಗಾಲಿಕುರ್ಚಿ ತರಿಸಿ, ಅದನ್ನು ದಿನವೂ ಬಳಸುವವರಿಂದಲೇ ಹತ್ತಿಸಿ ಇಳಿಸಿ ನೋಡಿ. ಶೌಚಾಲಯದ ಬಾಗಿಲು 90 ಸೆಂ.ಮೀ. ಇರಲಿ, ಹೊರಕ್ಕೆ ತೆರೆಯಲಿ. ಒಳಗೆ ಪೊರಕೆ, ಬಕೆಟ್, ಹಳೆಯ ಬೆಂಚು ತುಂಬಿಟ್ಟು ಬೀಗ ಹಾಕಿಲ್ಲವೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಿ, ಮಾರಾಯ್ರೆ. ಕೀ ಹೆಚ್ಚಾಗಿ ರಜೆಯಲ್ಲಿರುವವರ ಜೇಬಲ್ಲಿರುತ್ತದೆ.

ದೂರಿನ ಪೆಟ್ಟಿಗೆ

ಪ್ರಾಂಶುಪಾಲರ ಕೊಠಡಿ ಎದುರು, ಕ್ಯಾಮೆರಾ ಕೆಳಗೆ ಇಟ್ಟ ಪೆಟ್ಟಿಗೆಗೆ ಯಾರೂ ಕಾಗದ ಹಾಕುವುದಿಲ್ಲ. ಗ್ರಂಥಾಲಯದ ಮೂಲೆ ಒಳ್ಳೆಯದು. ಮರದ ಪೆಟ್ಟಿಗೆ ಮಳೆಗಾಲದಲ್ಲಿ ಉಬ್ಬಿ ಬಾಗಿಲು ಹಿಡಿಯುತ್ತದೆ, ಒಳಗಿನ ಕಾಗದಕ್ಕೆ ಬೂಷ್ಟು ಬರುತ್ತದೆ, ಸ್ಟೀಲಿನದು ಮಾಡಿಸಿ. ಪ್ರತಿ ಸೋಮವಾರ ಇಬ್ಬರು ಕೂಡಿ ತೆರೆಯಬೇಕು, ಖಾಲಿ ಇದ್ದರೂ ‘ಖಾಲಿ’ ಎಂದು ಬರೆದು ಸಹಿ ಹಾಕಬೇಕು. ಹೆಸರಿದ್ದ ದೂರಿಗೆ ಮೂರು ದಿನದೊಳಗೆ ಸ್ವೀಕೃತಿ ಕೊಡಿ. ಅದನ್ನು ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಡಿ, ಕೈಗೇ ಕೊಡಿ. ಹೆಸರಿಲ್ಲದ ದೂರನ್ನು ಹರಿಯಬೇಡಿ. ಒಂದೇ ಪ್ರಯೋಗಾಲಯದ ಬಗ್ಗೆ ಮೂರು ಬಂದರೆ ಅಲ್ಲಿ ಹೋಗಿ ಕೂರಲು ಅಷ್ಟು ಕಾರಣ ಸಾಕು.

ವಾರಕ್ಕೆ ಎರಡು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೋಶದ ಬಾಗಿಲು ತೆರೆದಿರಲಿ. ಸಂಜೆ ಇಡಬೇಡಿ, ಬಸ್ಸು ಹೋಗುತ್ತದೆ. ವರ್ಗಾವಣೆ ಬಂದಾಗ ಹೊಸ ಸಂಚಾಲಕರಿಗೆ ಕೊಡಬೇಕಾದ್ದು ನಾಲ್ಕು: ಬಿಟ್ಟುಹೋದವರ ಪಟ್ಟಿ, ದೂರಿನ ದಾಖಲೆ ಪುಸ್ತಕ, ಬಸ್ಸಿನ ಹಾಳೆ, ಶೌಚಾಲಯದ ಎರಡನೇ ಕೀ.