ಮಲೇಷ್ಯಾಕ್ಕೆ ಹೊಸದಾಗಿ ಬರುವವರಿಗೆ: ಮಹತೀರ್ ಕತೆ ತಿಳಿದುಕೊಂಡು ಊಟದ ಮೇಜಿಗೆ ಕೂರಿ

ಕ್ವಾಲಾಲಂಪುರಕ್ಕೆ ಬರುವ ಕನ್ನಡದವರು ಮೊದಲು ಕೇಳುವುದು ಮನೆ ಬಾಡಿಗೆ ಎಷ್ಟು, ಸೋನಾ ಮಸೂರಿ ಸಿಗುತ್ತಾ, ಮಕ್ಕಳಿಗೆ ಯಾವ ಸ್ಕೂಲು ಅಂತ. ಅದಕ್ಕೆಲ್ಲ ಉತ್ತರ ಸುಲಭ. ಇಲ್ಲಿ ಇದ್ದು ಕೆಲಸ ಮಾಡಲು ಬೇಕಾದ ಪರವಾನಗಿ, ಅಂದರೆ ಪಾಸ್, ಕಂಪನಿಯವರೇ ಮಾಡಿಸುತ್ತಾರೆ, ಮುಗಿಯುವ ತಾರೀಕು ಮಾತ್ರ ನೀವೇ ಬರೆದಿಟ್ಟುಕೊಳ್ಳಿ. ಬಂದ ವರ್ಷ 182 ದಿನ ತುಂಬುವ ತನಕ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿಯುತ್ತಾರೆ, ಗಾಬರಿ ಬೇಡ. ಬೇಳೆ, ಕರಿಬೇವು, ಪೂಜೆ ಸಾಮಾನು ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ ಬಡಾವಣೆಯಲ್ಲಿ ಸಿಗುತ್ತದೆ. ಇಷ್ಟೇ.

ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ, ಇಲ್ಲಿ ಎರಡು ಸಲ ಪ್ರಧಾನಿಯಾಗಿದ್ದ ಮಹತೀರ್ ಬಗ್ಗೆ. ಇಲ್ಲಿ ಬಂದು ಹತ್ತು ವರ್ಷದ ಮೇಲಾಯಿತು. ಇಷ್ಟು ದಿನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಊಟದ ಮೇಜಿನಲ್ಲಿ ಆಯಿತು, ರಾಜಕೀಯದ ಬಗ್ಗೆ ಆಡಿದ ಒಂದು ಮಾತಿನಿಂದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ನಿಮಗೆ ಹಾಗಾಗಬಾರದು.

2020ರ ಫೆಬ್ರುವರಿ ಕೊನೆಯ ವಾರ. ಭಾನುವಾರ, 23ನೇ ತಾರೀಕು, ಪೆಟಾಲಿಂಗ್ ಜಯದ ಶೆರಟನ್ ಹೋಟೆಲಿನಲ್ಲಿ ಆಳುವ ಮೈತ್ರಿಕೂಟದ ಒಂದಷ್ಟು ಸಂಸದರೂ ವಿರೋಧ ಪಕ್ಷದವರೂ ಒಟ್ಟು ಸೇರಿದರು. ಮಾರನೇ ದಿನ ಪ್ರಧಾನಿ ಮಹತೀರ್ ಮೊಹಮದ್ ರಾಜೀನಾಮೆ ಕೊಟ್ಟರು. ಜನ ಆರಿಸಿದ ಸರ್ಕಾರ 22 ತಿಂಗಳಿಗೇ ಬಿದ್ದುಹೋಯಿತು. ಇಲ್ಲಿಯವರು ಅದನ್ನು ಇವತ್ತಿಗೂ ಶೆರಟನ್ ಮೂವ್ ಅನ್ನುತ್ತಾರೆ. ನಾವು ಆಫೀಸಿನವರು ಆರು ಜನ ಮಾಮಾಕ್ ಅಂಗಡಿಯಲ್ಲಿ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಊಟಕ್ಕೆ ಕೂತಿದ್ದೆವು. ಎಲ್ಲರ ಕಣ್ಣೂ ಟಿವಿ ಮೇಲೆ. ಯಾರೋ "ಕಟಾಕ್" ಅಂದರು. ಕಟಾಕ್ ಅಂದರೆ ಮಲಯ್ ಭಾಷೆಯಲ್ಲಿ ಕಪ್ಪೆ. ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರಿಗೆ ಇಲ್ಲಿ ಇರುವ ಹೆಸರೇ ಅದು.

ನನಗೆ ತಡೆಯಲಾಗಲಿಲ್ಲ. ನಮ್ಮಲ್ಲೂ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಅಂತ ಮಾತಿದೆ, ಹೋದ ವರ್ಷವಷ್ಟೇ ನಮ್ಮ ರಾಜ್ಯದ ಶಾಸಕರು ಮುಂಬೈ ಹೋಟೆಲಿಗೆ ಹೋಗಿ ಕೂತಿದ್ದರು, ನಾವು ಅದಕ್ಕೆ ರೆಸಾರ್ಟ್ ರಾಜಕಾರಣ ಅಂತೀವಿ, ನಿಮ್ಮ ಈ ಮುದುಕರು ಎಷ್ಟು ಸಲ ಪಕ್ಷ ಬದಲಾಯಿಸಿದ್ದಾರೆ, ಇನ್ನೇನಾಗುತ್ತೆ ಅಂತ ನಗುತ್ತಾ ಹೇಳಿಬಿಟ್ಟೆ. ನನ್ನ ಎದುರಿಗೆ ನಮ್ಮ ಸೀನಿಯರ್ ಕೂತಿದ್ದರು. ವಯಸ್ಸಲ್ಲಿ ದೊಡ್ಡವರು, ನಾವೆಲ್ಲ ಅವರನ್ನು "ಕಾಕ್" ಅಂತ ಕರೆಯುತ್ತೇವೆ, ನಮ್ಮ ಅಕ್ಕ ಇದ್ದ ಹಾಗೆ. ಕಾಕ್ ಏನೂ ಮಾತಾಡಲಿಲ್ಲ. ಅರ್ಧ ತಿಂದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗ್ಲಾಸಿನಲ್ಲಿದ್ದ ತೇ ತಾರಿಕ್ ಚಹಾ ಹಾಗೇ ಬಿಟ್ಟು, ಎದ್ದು ಹೋದರು.

ಯಾಕೆ ಅಂತ ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಮನುಷ್ಯನ ಬದುಕು ಗೊತ್ತಿರಬೇಕು.

ಮಹತೀರ್ ಹುಟ್ಟಿದ್ದು 1925ರಲ್ಲಿ, ಕೆಡಾ ರಾಜ್ಯದ ಅಲೋರ್ ಸೆತಾರ್‌ನಲ್ಲಿ. ವೃತ್ತಿಯಲ್ಲಿ ಡಾಕ್ಟರು. ಮಲಯ್ ಜನರ ದೊಡ್ಡ ಪಕ್ಷ ಅಮ್ನೋದಿಂದ 1964ರಲ್ಲಿ ಸಂಸದರಾದರು. 1969ರಲ್ಲಿ ಸೋತರು. ಅದೇ ವರ್ಷ ದೇಶದಲ್ಲಿ ಜನಾಂಗದ ಗಲಭೆ ಆಯಿತು, ಇವರು ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಅವರನ್ನು ನೇರವಾಗಿ ದೂರಿ ಪತ್ರ ಬರೆದರು, ಪಕ್ಷ ಇವರನ್ನು ಹೊರಗೆ ಹಾಕಿತು. ಆಮೇಲೆ ಬರೆದ ಪುಸ್ತಕಕ್ಕೂ ನಿಷೇಧ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವರು 1972ರಲ್ಲಿ ಅದೇ ಪಕ್ಷಕ್ಕೆ ವಾಪಸ್ ಬಂದರು, 1976ರಲ್ಲಿ ಉಪಪ್ರಧಾನಿ, 1981ರಲ್ಲಿ ಪ್ರಧಾನಿ. ಅಲ್ಲಿಂದ 22 ವರ್ಷ ಕೆಳಗೆ ಇಳಿಯಲಿಲ್ಲ. ನೀವು ಬಂದಿಳಿಯುವ ವಿಮಾನ ನಿಲ್ದಾಣ, ಫೋಟೊ ತೆಗೆಸಿಕೊಳ್ಳುವ ಅವಳಿ ಗೋಪುರ, ಪುತ್ರಜಯ ಊರು, ರಸ್ತೆಯಲ್ಲಿ ಓಡುವ ಪ್ರೋಟಾನ್ ಕಾರು, ಎಲ್ಲ ಅವರ ಕಾಲದ್ದೇ.

ಅದೇ ಕಾಲದ ಇನ್ನೊಂದು ಮುಖವೂ ಇದೆ. 1987ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದರು. ಅದೇ ವರ್ಷ ಪಕ್ಷದ ಒಳಗಿನ ಚುನಾವಣೆಯಲ್ಲಿ ಬರೀ 43 ಮತದಿಂದ ಗೆದ್ದರು, ಜಗಳ ಕೋರ್ಟಿಗೆ ಹೋಯಿತು, 1988ರಲ್ಲಿ ಕೋರ್ಟು ಅಮ್ನೋ ಪಕ್ಷವೇ ಅಕ್ರಮ ಅಂತ ಹೇಳಿತು, ಇವರು ಹೊಸ ಅಮ್ನೋ ಕಟ್ಟಿದರು. ಇನ್ನು 1998. ತಮ್ಮ ಕೈಕೆಳಗೇ ಬೆಳೆದ ಉಪಪ್ರಧಾನಿ ಅನ್ವರ್ ಇಬ್ರಾಹಿಂ ಅವರನ್ನು ಕೆಲಸದಿಂದ ತೆಗೆದರು, ಅನ್ವರ್ ಜೈಲು ಸೇರಿದರು, ಬೀದಿಯಲ್ಲಿ "ರಿಫಾರ್ಮಾಸಿ", ಅಂದರೆ ಸುಧಾರಣೆ, ಅನ್ನುವ ಕೂಗು ಎದ್ದಿತು. ನಮ್ಮ ಕಾಕ್ ಆಗ ಕಾಲೇಜು ಹುಡುಗಿ. ಅವರ ಅಪ್ಪ ಆ ಮೆರವಣಿಗೆಯಲ್ಲಿ ಪೊಲೀಸರ ಏಟು ತಿಂದು ಮನೆಗೆ ಬಂದಿದ್ದರು. ಇಪ್ಪತ್ತು ವರ್ಷ ಆ ಮನೆಯಲ್ಲಿ ಮಹತೀರ್ ಹೆಸರು ಎತ್ತುವ ಹಾಗಿರಲಿಲ್ಲ.

2003ರಲ್ಲಿ ಮಹತೀರ್ ನಿವೃತ್ತಿ ಆದರು. ತಮ್ಮ ನಂತರದ ಪ್ರಧಾನಿಯ ಮೇಲಿನ ಕೋಪಕ್ಕೆ 2008ರಲ್ಲಿ ಅಮ್ನೋ ಬಿಟ್ಟರು. ನಜೀಬ್ ರಜಾಕ್ ಪ್ರಧಾನಿಯಾಗಿ ಬಂದ ಮೇಲೆ 2009ರಲ್ಲಿ ವಾಪಸ್. ಆಮೇಲೆ ನಜೀಬ್ ಕಾಲದಲ್ಲಿ ಸರ್ಕಾರಿ ಹೂಡಿಕೆ ನಿಧಿಯ ಹಣ ಲೂಟಿಯಾದ 1ಎಂಡಿಬಿ ಹಗರಣ, 2016ರಲ್ಲಿ ಮತ್ತೆ ಹೊರಗೆ. ಆಗ 90 ದಾಟಿತ್ತು. ಆ ವಯಸ್ಸಿನಲ್ಲಿ ಬೆರ್ಸಾತು ಅಂತ ಹೊಸ ಪಕ್ಷ ಕಟ್ಟಿ, ಮತ್ತೆ ಜೈಲಿನಲ್ಲಿದ್ದ ಅನ್ವರ್ ಜೊತೆ ಕೈ ಜೋಡಿಸಿದರು.

ಈಗ ಆ ಮತಗಟ್ಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 2018ರ ಮೇ 9, ಬುಧವಾರ. ಬೋರ್ನಿಯೊ ಕಡೆಯ ರಾಜ್ಯಗಳನ್ನು ಬಿಟ್ಟು, ಪರ್ಯಾಯ ದ್ವೀಪದ ಕಡೆ ಇವರ ಇಡೀ ಮೈತ್ರಿಕೂಟ ಅನ್ವರ್ ಪಕ್ಷದ ಚಿಹ್ನೆಯಲ್ಲೇ ನಿಂತಿತ್ತು. ಅಂದರೆ ಅನ್ವರ್ ಅವರನ್ನು ಹೊರಹಾಕಿದ್ದರ ವಿರುದ್ಧ ಹುಟ್ಟಿದ ಪಕ್ಷದ ಚಿಹ್ನೆಯಲ್ಲಿ, ಹೊರಹಾಕಿದ ಮನುಷ್ಯನೇ ಸ್ಪರ್ಧೆ ಮಾಡಿದರು. ಆ ಚಿಹ್ನೆಗೆ ಗುರುತು ಹಾಕಿದರೆ ಪ್ರಧಾನಿ ಆಗುವುದು ಮಹತೀರ್. ಕಾಕ್ ನನಗೆ ಆಮೇಲೆ ಹೇಳಿದರು, ಗುರುತು ಹಾಕುವಾಗ ಕೈ ನಡುಗಿತು, ಅಪ್ಪನ ಮುಖ ನೆನಪಾಯಿತು, ಆದರೂ ಹಾಕಿದೆ ಅಂತ. ದೇಶ ಬದಲಾಗಬೇಕು ಅಂತ ತಮ್ಮ ಮನೆಯ ನೋವನ್ನು ನುಂಗಿಕೊಂಡು ಹಾಕಿದ ಮತ ಅದು. ಆ ರಾತ್ರಿ ಫಲಿತಾಂಶ ತಡವಾಯಿತು, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಮಲಗಲಿಲ್ಲ. ಮಾರನೇ ರಾತ್ರಿ 92 ವರ್ಷದ ಮಹತೀರ್ ಪ್ರಮಾಣವಚನ ತೆಗೆದುಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದಲ್ಲಿ ಸರ್ಕಾರ ಬದಲಾಗಿದ್ದು ಅದೇ ಮೊದಲು. ಒಂದು ವಾರದೊಳಗೆ ಅನ್ವರ್ ಬಿಡುಗಡೆ ಆದರು.

ಆ ಮತ 22 ತಿಂಗಳಿಗೆ ಮಣ್ಣುಪಾಲಾದ ದಿನ ನಾನು ಕಾಕ್ ಎದುರಿಗೆ ಕೂತು ನಕ್ಕಿದ್ದು.

ಮನೆಯ ತಕ್ಕಡಿ ತಂದು ಇಲ್ಲಿಯದನ್ನು ತೂಗಬೇಡಿ ಅಂತ ನಾನು ಹೇಳುವುದು ಇದಕ್ಕೇ. ನೋಡಲು ಎರಡೂ ಒಂದೇ ಥರ, ಹೋಟೆಲು, ಬಸ್ಸು, ಟಿವಿ ಕ್ಯಾಮೆರಾ. ಒಳಗಿನ ಲೆಕ್ಕ ಬೇರೆ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಅದಕ್ಕೇ 2019ರಲ್ಲಿ ನಮ್ಮ ಶಾಸಕರು ರಾಜೀನಾಮೆಯ ದಾರಿ ಹಿಡಿದರು, ಸ್ಪೀಕರ್ ಅನರ್ಹ ಮಾಡಿದರು, ಡಿಸೆಂಬರ್‌ನಲ್ಲಿ ಹೆಚ್ಚಿನವರು ಉಪಚುನಾವಣೆಗೆ ನಿಂತರು. ಸರಿಯೋ ತಪ್ಪೋ, ಮತ್ತೆ ಜನರ ಮುಂದೆ ಹೋಗಲೇಬೇಕಾಯಿತು. ಮಲೇಷ್ಯಾದಲ್ಲಿ ಅದಕ್ಕೆ ತಿರುಗುಮುರುಗು. ರಾಜೀನಾಮೆ ಕೊಟ್ಟ ಸಂಸದ ಐದು ವರ್ಷ ಮತ್ತೆ ಸಂಸದ ಆಗುವ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇತ್ತು. ಪಕ್ಷ ಬಿಟ್ಟರೆ ಮಾತ್ರ ಸೀಟು ಹೋಗುತ್ತಿರಲಿಲ್ಲ. ಪ್ರಾಮಾಣಿಕವಾಗಿ ಜನರ ಹತ್ತಿರ ವಾಪಸ್ ಹೋಗಬೇಕು ಅನ್ನುವವನಿಗೆ ಬಾಗಿಲು ಮುಚ್ಚಿತ್ತು, ಹಾರುವವನಿಗೆ ತೆರೆದಿತ್ತು. ಕೆಲಾಂತನ್ ರಾಜ್ಯ ಮಾಡಿದ್ದ ತಡೆ ಕಾನೂನನ್ನು 1992ರಲ್ಲಿ ಸುಪ್ರೀಂ ಕೋರ್ಟೇ ತೆಗೆದುಹಾಕಿತ್ತು. 1994ರಲ್ಲಿ ಸಬಾ ರಾಜ್ಯದಲ್ಲಿ 48ರಲ್ಲಿ 25 ಸೀಟು ಗೆದ್ದ ಪಕ್ಷ ಕೆಲವೇ ವಾರದಲ್ಲಿ ಸರ್ಕಾರ ಕಳೆದುಕೊಂಡಿತು, ಅದೂ ಮಹತೀರ್ ಪ್ರಧಾನಿಯಾಗಿದ್ದಾಗಲೇ. ಈ ನೋವೆಲ್ಲ ಸೇರಿ 2022ರಲ್ಲಿ ಸಂವಿಧಾನ ತಿದ್ದಿದರು. ಈಗ ಪಕ್ಷ ಬಿಟ್ಟರೆ ಸೀಟು ಹೋಗುತ್ತದೆ, ಪಕ್ಷವೇ ಉಚ್ಚಾಟನೆ ಮಾಡಿದರೆ ಹೋಗುವುದಿಲ್ಲ. ಆ ಐದು ವರ್ಷದ ತಡೆಯನ್ನೂ ತೆಗೆದರು.

ಎರಡನೇ ತಪ್ಪು ಅದಕ್ಕೂ ಮುಂಚಿನದು. ಮಹತೀರ್ ಅವರ ಅಜ್ಜ ಕೇರಳದ ಕಡೆಯವರು ಅಂತ ಎಲ್ಲೋ ಓದಿದ್ದೆ. ಬಂದ ಹೊಸತರಲ್ಲಿ ಒಬ್ಬ ಮಲಯ್ ಸಹೋದ್ಯೋಗಿಗೆ, ನಿಮ್ಮ ಮಹತೀರ್ ನಮ್ಮ ಪಕ್ಕದ ರಾಜ್ಯದವರೇ ಅಲ್ವಾ ಅಂತ ಪ್ರೀತಿಯಿಂದಲೇ ಹೇಳಿದೆ. ಅವರ ಮುಖ ಗಂಟಿಕ್ಕಿತು. ಇಲ್ಲಿಯ ಸಂವಿಧಾನದಲ್ಲಿ ಮಲಯ್ ಅಂದರೆ ಯಾರು ಅಂತ ಬರೆದಿದೆ: ಇಸ್ಲಾಂ ಪಾಲಿಸಬೇಕು, ಮಲಯ್ ಮಾತಾಡಬೇಕು, ಮಲಯ್ ರೂಢಿಯಂತೆ ನಡೆಯಬೇಕು. ಅಜ್ಜ ಯಾವ ಹಡಗಿನಲ್ಲಿ ಬಂದ ಅನ್ನುವುದು ಅಲ್ಲಿ ಮುಖ್ಯ ಅಲ್ಲ. ಮಹತೀರ್ ಮಲಯ್, ಅಷ್ಟೇ. ಅವರ ಬೇರನ್ನು ವಿರೋಧಿಗಳು ಚುಚ್ಚುಮಾತಿಗೆ ಬಳಸಿದ್ದಾರೆ, ನನ್ನ ಮಾತೂ ಅದೇ ಸಾಲಿಗೆ ಸೇರಿತು. ಅದೇ ವಾರ ಬ್ರಿಕ್‌ಫೀಲ್ಡ್ಸ್‌ನ ಹೂವಿನಂಗಡಿಯ ತಮಿಳು ಅಂಕಲ್ ಹತ್ತಿರ ಈ ಮಾತು ತೆಗೆದೆ. ಅವರ ಅಜ್ಜನೂ ಹಡಗಿನಲ್ಲೇ ಬಂದು ರಬ್ಬರ್ ತೋಟದಲ್ಲಿ ದುಡಿದವರು. ಹೂ ಕಟ್ಟುತ್ತಾ ತಲೆ ಎತ್ತದೆ ಹೇಳಿದರು, "ನಾವು ಮೂರು ತಲೆಮಾರು ಆದ್ರೂ ಇಂಡಿಯನ್ನೇ ಅಮ್ಮಾ." ಆ ಮಾತು ಕೇಳಿದ ಮೇಲೆ ನನಗೆ ನನ್ನ ಮಗಳ ಚಿಂತೆ ಶುರುವಾಯಿತು.

ಮಹತೀರ್ ಪಕ್ಷಗಳನ್ನು ಬಿಟ್ಟರು, ಆದರೆ ವಿಷಯವನ್ನು ಬಿಡಲಿಲ್ಲ ಅಂತ ನನ್ನ ಅಭಿಪ್ರಾಯ. ಅಮ್ನೋ ಇರಲಿ, ಬೆರ್ಸಾತು ಇರಲಿ, 2020ರಲ್ಲಿ ಬೆರ್ಸಾತು ಅವರನ್ನೇ ಹೊರಗೆ ಹಾಕಿದ ಮೇಲೆ ಕಟ್ಟಿದ ಪೆಜುವಾಂಗ್ ಇರಲಿ, ಎಲ್ಲದರ ನಡುಮನೆಯಲ್ಲಿ ಮಲಯ್ ಜನರ ಚಿಂತೆಯೇ ಇದೆ. ಮನೆ ಬದಲಾಯಿಸಿದರೂ ದೇವರ ಪಟ ಅದೇ. ಅದರಿಂದ ದೇಶಕ್ಕೆ ಒಳ್ಳೆಯದೂ ಆಗಿದೆ, ಬೇರೆಯವರನ್ನು ಹೊಸ್ತಿಲಾಚೆ ನಿಲ್ಲಿಸಿದ್ದೂ ಆಗಿದೆ. ಹೂವಿನಂಗಡಿಯ ಅಂಕಲ್ ಹಾಗೂ ಕಾಕ್ ಇಬ್ಬರೂ ಅವರನ್ನು ಒಂದೇ ಥರ ನೋಡಲು ಸಾಧ್ಯವೇ ಇಲ್ಲ. ಅದಕ್ಕೇ ಮೊದಲು ಕೇಳಿಸಿಕೊಳ್ಳಿ. ಒಂದು ವರ್ಷ ಬರೀ ಕೇಳಿಸಿಕೊಳ್ಳಿ.

ಹೆಸರಿನ ಬಗ್ಗೆಯೂ ಒಂದು ಮಾತು. ಮೊಹಮದ್ ಅವರ ಅಪ್ಪನ ಹೆಸರು, ನಮ್ಮ ಇನಿಶಿಯಲ್ ಥರ. ಮಿಸ್ಟರ್ ಮೊಹಮದ್ ಅಂದರೆ ಅಪ್ಪನನ್ನು ಕರೆದ ಹಾಗೆ. ಜನ ತುನ್ ಅನ್ನುತ್ತಾರೆ, ಇಲ್ಲವೇ ಡಾಕ್ಟರ್ ಎಂ. ತುನ್, ತಾನ್ ಶ್ರೀ, ದಾತುಕ್, ಇವೆಲ್ಲ ಬಿರುದುಗಳು, ಬಿಡಬೇಡಿ. ರಾಜಮನೆತನ, ಧರ್ಮ, ಜನಾಂಗ, ಈ ಮೂರರ ಬಗ್ಗೆ ವಾಟ್ಸಾಪಿನಲ್ಲಿ ಏನು ಬಂದರೂ ಮುಂದಕ್ಕೆ ಕಳಿಸಬೇಡಿ. ಇಲ್ಲಿ ದೇಶದ್ರೋಹದ ಕಾನೂನು ಜೀವಂತವಾಗಿದೆ, ನಾವು ಪಾಸ್ ಮೇಲೆ ಇರುವವರು.

2022ರ ನವೆಂಬರ್ 19ರ ರಾತ್ರಿ ಮಹತೀರ್ ಲಂಗ್ಕಾವಿಯಲ್ಲಿ ಸೋತರು. ನಾಲ್ಕನೇ ಸ್ಥಾನ, ಠೇವಣಿಯೂ ಹೋಯಿತು. 53 ವರ್ಷದಲ್ಲಿ ಅದು ಅವರ ಮೊದಲ ಸೋಲು. ಐದು ದಿನಕ್ಕೆ ಅನ್ವರ್ ಪ್ರಧಾನಿ ಆದರು. ನಾನು ಕಾಕ್‌ಗೆ ಫೋನ್ ಮಾಡಿದೆ. ಖುಷಿ ಆಯ್ತಾ ಅಂತ ಕೇಳಲಿಲ್ಲ, ಅಷ್ಟು ಕಲಿತಿದ್ದೆ. ಸುಮ್ನೆ ಅವರ ಮಾತು ಕೇಳಿದೆ. ಅಪ್ಪ ಇದನ್ನು ನೋಡಲು ಇರಬೇಕಿತ್ತು ಅಂದರು. ಸ್ವಲ್ಪ ಹೊತ್ತು ಬಿಟ್ಟು, ಆ ಅಜ್ಜ ಠೇವಣಿ ಕಳೆದುಕೊಳ್ಳುವಷ್ಟು ಸೋಲಬಾರದಿತ್ತು ಅಂತಲೂ ಅಂದರು. ಏಟು ತಿಂದ ಮನೆಯ ಹೆಣ್ಣುಮಗಳು ಆಡಿದ ಮಾತು ಇದು. ಮಹತೀರ್ ಮುಂದಿನ ಫೆಬ್ರುವರಿಯಲ್ಲಿ ಪುತ್ರ ಅಂತ ಇನ್ನೊಂದು ಸಣ್ಣ ಪಕ್ಷ ಸೇರಿದರು. 2025ರ ಜುಲೈಗೆ ನೂರು ತುಂಬಿತು.

ನಮಗೆ ಇಲ್ಲಿ ಮತ ಇಲ್ಲ. ಊರಲ್ಲಿ ಇದೆ, ನಮೂನೆ 6ಎ ತುಂಬಿದರೆ ಪಟ್ಟಿಯಲ್ಲಿ ಹೆಸರು ಸೇರಿಸುತ್ತಾರೆ, ಆದರೆ ಮತಗಟ್ಟೆಗೆ ನೀವೇ ಹೋಗಬೇಕು. ತುಂಬಿಡಿ, ಮರೆಯಬೇಡಿ. 2023ರ ಮೇ 10ಕ್ಕೆ ನಮ್ಮಲ್ಲಿ ವಿಧಾನಸಭೆ ಚುನಾವಣೆ. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಶಿವಮೊಗ್ಗದಿಂದ ಅಮ್ಮ ಶಾಯಿ ಹಾಕಿದ ಎಡಗೈ ತೋರುಬೆರಳಿನ ಫೋಟೊ ಕಳಿಸಿದ್ದರು. ಮಗಳು ನನ್ನ ಫೋನ್ ತೆಗೆದುಕೊಂಡು ಎಷ್ಟೋ ಹೊತ್ತು ಅದನ್ನೇ ನೋಡಿದಳು. ಐದು ವರ್ಷದ ಹಿಂದೆ ಅದೇ ವಾರ, ಅದೇ ಬೆರಳಿಗೆ ಶಾಯಿ ಹಾಕಿಸಿಕೊಂಡು ಕಾಕ್ ನಮ್ಮ ಮನೆಗೆ ಬಂದಿದ್ದರು, ಅವಳ ಕೆನ್ನೆ ಸವರಿದ್ದರು. ಅವಳಿಗೆ ಅದು ನೆನಪಿತ್ತು.

"ಅಮ್ಮಾ, ಅಜ್ಜಿಗೂ ಕಾಕ್‌ಗೂ ಇದೆ. ನಿನಗೆ ಯಾವಾಗ ಹಾಕ್ತಾರೆ?" ಅಂದಳು. ಮುಂದಿನ ಸಲ ಊರಿಗೆ ಹೋಗೋಣ, ನೀನೂ ಬಾ ಅಂದೆ. ಕ್ಯಾಲೆಂಡರ್‌ನಲ್ಲಿ 2028 ಇನ್ನೂ ಇರಲಿಲ್ಲ. ಅವಳು ಡೈರಿಯ ಕೊನೇ ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಳು, ಒತ್ತಕ್ಷರ ಒಂದು ತಪ್ಪಿತ್ತು, ನಾನು ತಿದ್ದಲಿಲ್ಲ.