ಬ್ರೋಕರ್ ಊರಲ್ಲಿಲ್ಲದ ಎರಡೂವರೆ ತಿಂಗಳಲ್ಲಿ ನಾನೇ ಮನೆ ಮಾರಿದ್ದು

"ಬ್ರೋಕರ್ ವಾಪಸ್ ಬರಲಿ. ಅಲ್ಲಿವರೆಗೆ ಮನೆ ಕೊಳ್ಳೋ ಪಾರ್ಟಿ ಹತ್ರ ನೀನು ಮಾತಾಡಬೇಡ, ಬಾಯಿ ಬಿಟ್ಟರೆ ರೇಟ್ ಇಳಿಸ್ತಾರೆ." 2025ರ ಜೂನ್ ಕೊನೆಯಲ್ಲಿ ನಮ್ಮಣ್ಣ ಹೇಳಿದ್ದು. ನಮ್ಮೆಜಮಾನರದೂ ಅದೇ ಮಾತು. ಮೈಸೂರು ಕುವೆಂಪುನಗರದ ನಮ್ಮ 20×30 ಮನೆಗೆ 78 ಲಕ್ಷಕ್ಕೆ ಅಗ್ರಿಮೆಂಟ್ ಆಗಿ ಎಂಟು ದಿನವಾಗಿತ್ತು, ಐದು ಲಕ್ಷ ಅಡ್ವಾನ್ಸ್ ನನ್ನ ಖಾತೆಗೆ ಬಂದಿತ್ತು. ಬ್ರೋಕರ್ ತಮ್ಮ ತಂದೆಗೆ ಆಪರೇಷನ್ ಅಂತ ಹುಬ್ಬಳ್ಳಿಗೆ ಹೊರಟರು. ಒಂದು ವಾರ ಅಂದವರು ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ರಿಜಿಸ್ಟ್ರೇಷನ್ ಮುಗಿದು, ಕೊಂಡವರು ಹಾಲುಕ್ಕಿಸಿಯೂ ಆಗಿತ್ತು.

ನಾನು ಕಾಯದೇ ಇದ್ದದ್ದಕ್ಕೆ ಕಾರಣ ಅದರ ಹಿಂದಿನ ವರ್ಷದ ಏಟು. ಇದೇ ಮನೆ, ಬೇರೆ ಬ್ರೋಕರ್, ಬೇರೆ ಪಾರ್ಟಿ. ಎಲ್ಲ ಮಾತೂ ಅವರ ಫೋನಿನ ಮೂಲಕವೇ. ನಾವಿರುವುದು ಹಾಸನದಲ್ಲಿ, ಹಾಗಾಗಿ ಬೀಗದ ಕೈಯೂ ಅವರ ಹತ್ತಿರವೇ. 2009ರಲ್ಲಿ ಆ ಮನೆ ಮೇಲೆ ತೆಗೆದಿದ್ದ ಸಾಲ ತೀರಿಸಿ ಐದಾರು ವರ್ಷವಾಗಿತ್ತು, ಮೂಲಪತ್ರವೂ ಕೈಗೆ ಬಂದಿತ್ತು. ಆದರೆ ಅಡಮಾನದ ಖುಲಾಸೆಯನ್ನು, ಅಂದರೆ ಸಾಲ ತೀರಿ ಅಡಮಾನ ಬಿಟ್ಟಿದೆ ಅನ್ನೋ ಪತ್ರವನ್ನು, ರಿಜಿಸ್ಟರ್ ಮಾಡಿಸಿರಲಿಲ್ಲ. ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಇ.ಸಿ.ಯಲ್ಲಿ (ಋಣಭಾರ ಪತ್ರ) ಆ ಹಳೇ ಸಾಲ ಹಾಗೇ ನಿಂತಿತ್ತು. ಪಾರ್ಟಿಯ ಬ್ಯಾಂಕಿನ ವಕೀಲರು ಅದನ್ನು ಹಿಡಿದು ಬ್ರೋಕರ್‌ಗೆ ಹೇಳಿದರು. ಬ್ರೋಕರ್ ಯಾತ್ರೆಗೆ ಹೋಗಿದ್ದರು. ಸುದ್ದಿ ನನಗೆ ಮುಟ್ಟಿದ್ದು ಹನ್ನೆರಡು ದಿನ ಬಿಟ್ಟು. ಅದರ ನಡುವೆ ಒಂದು ಭಾನುವಾರ ಪಾರ್ಟಿಯ ಅಪ್ಪ ಅಮ್ಮ ಬೆಂಗಳೂರಿಂದ ಮನೆ ನೋಡಲು ಬಂದು, ಗೇಟಿನ ಮುಂದೆ ಅರ್ಧ ಗಂಟೆ ನಿಂತು ವಾಪಸ್ ಹೋದರಂತೆ. ಅವರು ಬೇರೆ ಮನೆ ನೋಡಿಕೊಂಡರು. ಎರಡು ಲಕ್ಷ ಅಡ್ವಾನ್ಸ್ ಹಿಂದಿರುಗಿಸಿದೆ. ವಕೀಲರು, ಓಡಾಟ, ಸುಣ್ಣಬಣ್ಣ ಸೇರಿ ಹತ್ತಿರ ಹತ್ತಿರ ಅರವತ್ತು ಸಾವಿರ ಕೈಬಿಟ್ಟಿತು. ಖುಲಾಸೆ ಪತ್ರವನ್ನು ಆಮೇಲೆ ಮಾಡಿಸಿದೆ, ಆದರೆ ಪಾರ್ಟಿ ಉಳಿಯಲಿಲ್ಲ.

ಆ ಸಿಟ್ಟಿಗೆ ನಡುವೆ ಮೂರು ತಿಂಗಳು ಬ್ರೋಕರೇ ಬೇಡ ಅಂತ ಗೇಟಿಗೆ "ಮನೆ ಮಾರಾಟಕ್ಕಿದೆ" ಬೋರ್ಡ್ ಹಾಕಿ ನನ್ನ ನಂಬರ್ ಬರೆಸಿದೆ. ನಲವತ್ತು ಫೋನ್ ಬಂದಿರಬಹುದು, ಅದರಲ್ಲಿ ಮೂವತ್ತಕ್ಕೂ ಹೆಚ್ಚು ಬ್ರೋಕರ್‌ಗಳದೇ. ಪಾರ್ಟಿ ಹುಡುಕಿ ತರೋದು ಅವರ ಕಸುಬು, ಅದು ನಮ್ಮಿಂದ ಆಗೋದಲ್ಲ ಅಂತ ಒಪ್ಪಿಕೊಂಡೆ. ಒಂದು ಮಾತ್ರ ಕಲಿತೆ: ನಮ್ಮದು ಪೂರ್ವ ದಿಕ್ಕಿನ ಮನೆ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ತೋರಿಸಿದವರೆಲ್ಲ ಎರಡನೇ ಸಲ ಬಂದರು, ಸಂಜೆ ನೋಡಿದವರು ಒಬ್ಬರೂ ಬರಲಿಲ್ಲ.

ಹಾಗಾಗಿ ಈ ಸಲ ಬ್ರೋಕರ್ ಹುಬ್ಬಳ್ಳಿ ಬಸ್ ಹತ್ತುವ ಮುಂಚೆ ಅವರ ಮನೆಗೇ ಹೋಗಿ ಕೂತೆ. "ಈಗಲೇ ಪಾರ್ಟಿಗೆ ಫೋನ್ ಹಾಕಿ ಸಾರ್, ಇನ್ಮೇಲೆ ಮೇಡಂ ಜೊತೆ ನೇರ ಮಾತಾಡಿ ಅಂತ ನೀವೇ ಹೇಳಿ" ಅಂದೆ. ಮೊದಲು ಹಿಂಜರಿದರು. ಕಮಿಷನ್ ತಪ್ಪುತ್ತೆ ಅನ್ನೋ ಹೆದರಿಕೆ ಇದ್ದೇ ಇರುತ್ತಲ್ಲ. 78 ಲಕ್ಷಕ್ಕೆ ನನ್ನ ಕಡೆಯ ಒಂದು ಪರ್ಸೆಂಟ್ 78 ಸಾವಿರ. ಅದರಲ್ಲಿ ಐವತ್ತು ಸಾವಿರ ಏನೇ ಆದರೂ ಕೊಡುತ್ತೇನೆ, ಉಳಿದ ಓಡಾಟ ನನ್ನದು ಅಂತ ಅಲ್ಲೇ ಬರೆದು ಸೈನ್ ಹಾಕಿ ಕೊಟ್ಟೆ. ಆಮೇಲೆ ಅವರು ತಲೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ಹೇಳಿದರು, ನಾನು ಬರೆದುಕೊಂಡೆ. ಪಾರ್ಟಿಯ ಲೋನ್ ಯಾವ ಬ್ರಾಂಚು, ಪತ್ನಿಯ ಹೆಸರೂ ಸೇರಬೇಕು, ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ ಅನ್ನುತ್ತಾರೆ, ಹೀಗೆ.

ಆಷಾಢ ನನಗೆ ಒಳ್ಳೆಯದೇ ಆಯಿತು. ಪಾರ್ಟಿ ಹೇಗೂ ಶ್ರಾವಣದವರೆಗೆ ಅಲುಗಾಡುವುದಿಲ್ಲ. ಆ ಒಂದು ತಿಂಗಳು ಇ-ಖಾತೆ, ಅಂದರೆ ಮನೆ ಯಾರ ಹೆಸರಲ್ಲಿದೆ ಅನ್ನೋ ಆನ್‌ಲೈನ್ ದಾಖಲೆ, ಸರಿ ಮಾಡಿಸುವುದಕ್ಕೆ ಹೋಯಿತು. ಖಾತೆಯಲ್ಲಿ ನನ್ನ ಇನಿಷಿಯಲ್ ಇರಲಿಲ್ಲ, ಆಧಾರ್‌ನಲ್ಲಿತ್ತು. ಹಾಸನದಿಂದ ಮೂರು ಸಲ ಓಡಾಡಿದೆ. ಬೀಗದ ಕೈ ಎದುರುಮನೆ ಅಜ್ಜಿ ಹತ್ತಿರ ಇಟ್ಟೆ. ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ವ್ಯಾಲ್ಯುಯೇಷನ್‌ನವರು ಬಂದಾಗ ಬಾಗಿಲು ತೆಗೆದು, ಕಾಫಿಯನ್ನೂ ಕೊಟ್ಟು ಕಳಿಸಿದ್ದು ಆ ಅಜ್ಜಿಯೇ.

ದಿನಾ ರಾತ್ರಿ ಒಂದು ಕೆಲಸ ಬಿಡದೆ ಮಾಡಿದೆ. ಅಂದು ಏನಾಯಿತು, ನಾಳೆ ಯಾರು ಏನು ಮಾಡಬೇಕು ಅಂತ ಮೂರೇ ಸಾಲು ಬರೆದು ಪಾರ್ಟಿಗೂ ಬ್ರೋಕರ್‌ಗೂ ಒಟ್ಟಿಗೇ ವಾಟ್ಸಾಪ್ ಮಾಡುವುದು. ಏನೂ ಆಗದ ದಿನವೂ "ಇವತ್ತು ಏನೂ ಇಲ್ಲ" ಅಂತ ಕಳಿಸುತ್ತಿದ್ದೆ. ನಮ್ಮೆಜಮಾನರು "ಯಾರು ಓದ್ತಾರೆ ಅದನ್ನ" ಅಂದರು. ಒಂದು ರಾತ್ರಿ ಕಳಿಸದೇ ಮಲಗಿದರೆ ಬೆಳಗ್ಗೆ ಏಳಕ್ಕೇ ಪಾರ್ಟಿಯ ಫೋನ್. ದುಡ್ಡಿನ ಮಾತು ಮಾತ್ರ ಫೋನಿನಲ್ಲಿ ಆಡಲೇ ಇಲ್ಲ, ಎದುರೆದುರು ಕೂತು ಒಂದೇ ಹಾಳೆಯಲ್ಲಿ ಇಬ್ಬರೂ ಬರೆದೆವು. ಪಾರ್ಟಿ ಒಂದಷ್ಟು ಕ್ಯಾಶ್ ಕೊಡಲಾ ಅಂದರು, ಬೇಡವೇ ಬೇಡ, ಪೂರ್ತಿ ಮೊತ್ತ ಪತ್ರದಲ್ಲಿ ಬರಲಿ ಅಂದೆ.

ಕಷ್ಟ ಬಂದದ್ದು ಜುಲೈ ಕೊನೆಗೆ. ಬ್ಯಾಂಕಿನ ವ್ಯಾಲ್ಯುಯೇಷನ್ 71 ಲಕ್ಷ ಅಂತ ಬಂತು. ಪಾರ್ಟಿ ನಾಲ್ಕು ಲಕ್ಷ ಇಳಿಸಿ ಅಂತ ಕೂತರು. ಅಣ್ಣ ಹೇಳಿದ್ದು ನಿಜವಾಗುತ್ತೇನೋ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಅವರ ಮನೆಗೇ ಹೋಗಿ ಒಂದು ಕಾಗದ ತೋರಿಸಿದೆ, 78ಕ್ಕೇ ಒಪ್ಪಿದರು. ಆ ಕಾಗದ ಏನು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮದೇ ಇನ್ನೊಂದು ಸೈಟ್ ಮಾರುವುದಿದೆ.

ಕ್ರಯಪತ್ರದ ಡ್ರಾಫ್ಟ್ ವಕೀಲರಿಂದ, ಏಳು ಸಾವಿರ. ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಹಳೇ ಪತ್ರದ ಜೊತೆ ಇಟ್ಟು ನಾನೇ ಅಕ್ಷರ ಅಕ್ಷರ ನೋಡಿದೆ. ದಕ್ಷಿಣದ ಸೈಟ್ ನಂಬರ್ ತಪ್ಪಿತ್ತು, ತಿದ್ದಿಸಿದೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅಪ್‌ಲೋಡ್ ಮಾಡಿದ್ದು ಒಂದು ಸಲ ವಾಪಸ್ ಬಂತು, ಎರಡನೇ ಸಲ ಒಪ್ಪಿಗೆ ಆಯಿತು. ವರಮಹಾಲಕ್ಷ್ಮಿ ಹಬ್ಬ ಕಳೆದು ಆಗಸ್ಟ್ ಮೂರನೇ ವಾರ ರಿಜಿಸ್ಟ್ರೇಷನ್‌ಗೆ ಸ್ಲಾಟ್ ಸಿಕ್ಕಿತು. ಸ್ಟ್ಯಾಂಪ್ ಡ್ಯೂಟಿ ಸೆಸ್ ಎಲ್ಲ ಸೇರಿ 5.6 ಪರ್ಸೆಂಟ್, ನೋಂದಣಿ ಶುಲ್ಕ ಒಂದು ಪರ್ಸೆಂಟ್, ಪಾರ್ಟಿ ಕಟ್ಟಿದ್ದು ಐದು ಲಕ್ಷ ಹದಿನೈದು ಸಾವಿರದ ಆಸುಪಾಸು. ನನಗೆ ಬ್ಯಾಂಕಿನ 55 ಲಕ್ಷದ ಡಿ.ಡಿ., ನನ್ನ ಆದಾಯ ತೆರಿಗೆಗೆ ಅಂತ ಪಾರ್ಟಿ ಹಿಡಿದುಕೊಳ್ಳುವ ಟಿಡಿಎಸ್ 78 ಸಾವಿರ ಕಳೆದು ಉಳಿದ ಹದಿನೇಳು ಲಕ್ಷ ಚಿಲ್ಲರೆ ಆರ್‌ಟಿಜಿಎಸ್. ಕರೆಂಟ್, ನೀರಿನ ಬಾಕಿ ಮರೆತೇ ಹೋಗಿತ್ತು, ಬ್ರೋಕರ್ ಇದ್ದಿದ್ದರೆ ನೆನಪಿಸುತ್ತಿದ್ದರು. ಸುಮಾರು ಎರಡು ಸಾವಿರ, ಮಾರನೇ ದಿನ ಕಟ್ಟಿದೆ.

ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಯಿತು. ಬ್ರೋಕರ್‌ಗಾಗಿ ಕಾದಿದ್ದರೆ ಪಾರ್ಟಿಗೆ ಇನ್ನೊಂದು 78 ಸಾವಿರ ಹೊರೆ ಬೀಳುತ್ತಿತ್ತು. ಆ ದಂಪತಿ ಪೇಪರ್ ನೋಡಿ ತಾವೇ ಫೋನ್ ಮಾಡಿದರು.

ಬ್ರೋಕರ್ ಬಂದ ವಾರವೇ ಐವತ್ತು ಸಾವಿರ ಅವರ ಖಾತೆಗೆ ಹಾಕಿದೆ. ಕೆಲಸ ಮಾಡದವರಿಗೆ ಯಾಕೆ ಅಂತ ಅಣ್ಣ ಕೇಳಿದ. ಪಾರ್ಟಿ ತಂದವರು ಅವರೇ ತಾನೇ. ಟಿಡಿಎಸ್ ನನ್ನ 26ಎಎಸ್‌ನಲ್ಲಿ (ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮಾ ಪಟ್ಟಿ) ಕಾಣಿಸಿಕೊಳ್ಳುವ ಹೊತ್ತಿಗೆ ಅಕ್ಟೋಬರ್ ಬಂತು. ಆ ರಾತ್ರಿ ಇಬ್ಬರಿಗೂ ಕೊನೆಯ ಮೂರು ಸಾಲು ಕಳಿಸಿದೆ.